ಅಮೃತಪ್ಪ ಬರೆದ ಛಾವಣಿ

“ಸುಣ್ಣ ಬಳಿಯೋರ ಹೆಣ ಇಳಿಸೋಕೆ ಅಂತ ನಾವು ಈ ಹಾಲ್ ತಗೊಂಡಿಲ್ಲಪ್ಪ!” ಕನ್ನಡ ಕೂಟದ ಅಧ್ಯಕ್ಷ ಚಂದ್ರಶೇಖರ್ ಬಾಗಿಲಿಗೆ ಅಡ್ಡ ನಿಂತು ದನಿ ಏರಿಸಿಯೇ ಹೇಳಿದರು. “ನಾಳೆ ಇಲ್ಲಿ ಸೀಮಂತ ಇದೆ. ಶುಭಕಾರ್ಯ ನಡೆಯೋ ಜಾಗ. ನಿಮ್ಮಪ್ಪನಿಗಾದ್ರೂ ಅಷ್ಟು ತಿಳುವಳಿಕೆ ಇತ್ತು.”

ಲಂಡನ್ನಿನ ಗ್ರೀನ್‌ಫರ್ಡ್‌ನ ಆ ಬೀದಿಯಲ್ಲಿ ನಿಂತಿದ್ದವರಿಗೆಲ್ಲ ಅದು ಕೇಳಿಸಿತು. ಈಸ್ಟ್ ಹ್ಯಾಮ್‌ನಿಂದ ಹಾರ ತಂದವರು, ಸಟನ್‌ನಿಂದ ರೈಲು ಹಿಡಿದು ಬಂದವರು ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ರಸ್ತೆಬದಿಯ ಕರೀ ಕಾರಿನಲ್ಲಿ, ಗಾಜಿನ ಹಿಂದೆ, ಅಮೃತಪ್ಪನ ಶವದ ಪೆಟ್ಟಿಗೆ ಇತ್ತು.

ಮಗ ರೋಹನನ ಕಿವಿ ಕಾದವು. ಅಪ್ಪ ಸತ್ತು ಮೂರು ವಾರ. ಈ ಊರಲ್ಲಿ ಹೆಣವೂ ಸರದಿಯಲ್ಲಿ ನಿಲ್ಲಬೇಕು. ಅವನು ಬೇಡಿದ್ದು ಒಂದೇ. ಸ್ಮಶಾನಕ್ಕೆ ಒಯ್ಯುವ ಮೊದಲು ಅಪ್ಪನನ್ನು ಚಣಹೊತ್ತು ಅವನೇ ಚಿತ್ರ ಬರೆದ ಈ ಹಾಲಿನ ಛಾವಣಿಯ ಕೆಳಗೆ ಇಡಬೇಕು.

“ಎರಡು ಚಳಿಗಾಲ ಅಂವ ಇಲ್ಲಿ ಗೋಣು ಮುರಕೊಂಡು ನಿಂತಿದ್ದ, ಅಂಕಲ್. ಐದ್ ಮಿನಿಟ್ ಮಲಗಾಕ ಜಾಗಾ ಇಲ್ಲೇನು?”

“ಸೂತಕ ಅಂತ ಒಂದಿದೆ, ರೋಹನ.”

“ಯಾರಿಗ್ರೀ ಸೂತಕ?” ಶಿವಕ್ಕ ಊರುಗೋಲು ಕುಟ್ಟುತ್ತ ಮುಂದೆ ಬಂದಳು. ವಿಜಯಪುರದ ಕಡೆಯ ಮುದುಕಿ, ಅಮೃತಪ್ಪನ ಪಕ್ಕದ ಫ್ಲ್ಯಾಟಿನವಳು. ಮೊಣಕಾಲು ಹಿಡಿದುಕೊಂಡ ಮೇಲೆ ಹಾಲಿನ ಕಡೆ ಬಂದೇ ಇರಲಿಲ್ಲ. “ನಾವು ಲಿಂಗಾ ಕಟ್ಟಿದವ್ರು. ನಮಗ ಹುಟ್ಟಿದ್ರೂ ಸೂತಕಿಲ್ಲ, ಸತ್ರೂ ಸೂತಕಿಲ್ಲ. ಕೂಡಿಸಿ ಹೂಳಬೇಕಾದಂವನ್ನ ಇಲ್ಲಿಯವ್ರು ಅಂಗಾತ ಮಲಗಿಸ್ಯಾರ. ಹೆಂಗೂ ಮಲಗ್ಯಾನ, ಒಂಚೂರು ಮ್ಯಾಲ ನೋಡ್ಲಿ ಬಿಡ್ರೆಪಾ!”

ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

*

ಹೆಂಡತಿ ಗಿರಿಜಾದೇವಿ ನರ್ಸು. ಅವಳ ವೀಸಾದ ಬೆನ್ನಿಗೆ ಲಂಡನ್ನಿಗೆ ಬಂದವನು ಅಮೃತಪ್ಪ. ಬೆಳಗಾವಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಇಲ್ಲಿ ಕಂಡವರ ಗೋಡೆಗೆ ಬಿಳಿ ಹೊಡೆದ. ಈ ಜನಕ್ಕೆ ಬಿಳಿಯಲ್ಲೂ ಹತ್ತು ಬಿಳಿ ಬೇಕು.

ಒಮ್ಮೆ ಕೋಚ್ ಟೂರಿನಲ್ಲಿ ಗಂಡಹೆಂಡಿರು ರೋಮಿಗೆ ಹೋದರು. ಛಾವಣಿಯ ಚಿತ್ರಕ್ಕೆ ಹೆಸರಾದ ವ್ಯಾಟಿಕನ್ನಿನ ಪ್ರಾರ್ಥನಾಮಂದಿರದೊಳಗೆ ಕಾಲಿಡಲು ಜಾಗವಿರಲಿಲ್ಲ. ಕಾವಲಿನವರು ‘ಸೈಲೆನ್ಸ್’ ಎಂದು ಕೂಗಿ ಕೂಗಿ ತಾವೇ ಗದ್ದಲ ಮಾಡುತ್ತಿದ್ದರು. ಅಮೃತಪ್ಪ ತಲೆ ಎತ್ತಿದವನು ಇಳಿಸಲಿಲ್ಲ. ಮೈಕೆಲ್ಯಾಂಜೆಲೊ ಇದನ್ನು ಮಲಗಿಕೊಂಡು ಬರೆದ ಎನ್ನುವುದು ಸುಳ್ಳು, ಅಟ್ಟಣಿಗೆಯ ಮೇಲೆ ನಿಂತು ತಲೆ ಹಿಂದಕ್ಕೆ ಚೆಲ್ಲಿ ಬರೆದ, ಬಣ್ಣ ಮುಖದ ಮೇಲೇ ತೊಟ್ಟಿಕ್ಕುತ್ತಿತ್ತು ಎಂದಳು ಗೈಡು.

“ಹಸಿ ಗಾರಿ ಮ್ಯಾಲ ಬರದಾನ,” ಎಂದು ಅಮೃತಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ. “ಒಣಗೂದ್ರಾಗ ಮುಗಸ್ಬೇಕಲ್ಲ. ಒಂದಿನಕ್ಕ ಎಷ್ಟು ಗಾರಿ ಮೆತ್ತಬೇಕಂತ ಮುಂಜಾನಿನ ಗೊತ್ತಿರಬೇಕು.”

“ಗೋಣು ಹಿಡಿತದ, ನಡೀರಿ. ಬಸ್ ಬಿಡ್ತದ.”

ಬಸ್ಸು ಬಿಡಲಿಲ್ಲ, ಕಾಯಿತು. ಅಮೃತಪ್ಪನಿಗಾಗಿ ನಾಲ್ಕು ಜನ ಕಾದದ್ದು ಅವನ ಜನ್ಮದಲ್ಲಿ ಅದೊಂದೇ ಸಲ.

ಮುಂದಿನ ವರ್ಷ ಗಿರಿಜಾದೇವಿ ತೀರಿಕೊಂಡಳು. ಕೂಟದವರು ಹಳೇ ಚರ್ಚ್ ಹಾಲ್ ಕೊಂಡಾಗ, ಛಾವಣಿ ನಾನು ಬರೆದುಕೊಡುತ್ತೇನೆ ಎಂದು ಅವನೇ ಹೋಗಿ ಕೇಳಿಕೊಂಡ. ಭಾನುವಾರ ಬಂತೆಂದರೆ ಅಟ್ಟಣಿಗೆ ಏರುತ್ತಿದ್ದ. ರೋಮಿನಲ್ಲಿ ಕಂಡದ್ದೇ, ದೇವರು ಮೊದಲ ಮನುಷ್ಯನಿಗೆ ಕೈ ಚಾಚುವ ಚಿತ್ರ. “ಮಕ್ಕಳು ಬರೋ ಜಾಗ, ಆ ಮನುಷ್ಯನಿಗೆ ಏನಾದ್ರೂ ಉಡಿಸಿ ಅಮೃತಪ್ಪ,” ಎಂದರು ಕಾರ್ಯದರ್ಶಿ ವೇದವತಿ. ಅವನು ಕೆಂಪಂಚಿನ ಧೋತರ ಉಡಿಸಿದ. ದೇವರಿಗೆ ರುಮಾಲು ಮಾತ್ರ ತಾನಾಗಿಯೇ ಸುತ್ತಿದ.

ಉದ್ಘಾಟನೆಯ ದಿನ ಸೌಂಡ್ ಸಿಸ್ಟಮ್‌ನವನಿಗೂ ಶಾಲು ಹೊದಿಸಿದರು. ಅವರು ‘ನಮ್ಮ ಪೇಂಟರ್’ ಎನ್ನುತ್ತಿದ್ದ ಅಮೃತಪ್ಪ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಿದ್ದ. ಶಾಲೆ ಬಿಟ್ಟು ವೇರ್‌ಹೌಸಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ರೋಹನನಿಗೆ ಅದು ಗೊತ್ತಾಗಿ ಮೈ ಉರಿಯಿತು. “ನಿನ್ನ ಮುಂದಿನ ಸಾಲಿನ್ಯಾಗ ಕುಂದರಿಸಿದ ದಿನಾ ಬರ್ತೀನಿ. ಅಲ್ಲೀತನಾ ಆ ಹಾಲಿನ್ಯಾಗ ಕಾಲಿಡೂದಿಲ್ಲ.”

“ಕುರ್ಚಿದೇನದೋ? ಮ್ಯಾಲ ನೋಡಾಕ ಹಿಂದಿನ ಸಾಲ ಛಲೋ,” ಎಂದಿದ್ದ ಅಮೃತಪ್ಪ.

ಅಂಥ ದಿನ ಬರಲಿಲ್ಲ. ಛಾವಣಿಯನ್ನು ರೋಹನ ನೋಡಿಯೇ ಇರಲಿಲ್ಲ.

*

ಶಿವಕ್ಕ ಕೈ ಚಾಚಿಕೊಂಡೇ ನಿಂತಳು. “ಕೀಲಿ ಕೊಡ್ರಿ.”

ಚಂದ್ರಶೇಖರ್ ಕೋಟಿನ ಜೇಬು ತಡಕಿದರು. ಅವರ ದನಿ ಯಾಕೋ ಇಳಿದಿತ್ತು. “ಪೆಟ್ಟಿಗೆ ಈಗಲೇ ಇಳಿಸ್ಬೇಡಿ. ರೋಹನ, ಮೊದಲು ನೀನೊಬ್ಬ ಒಳಗೆ ಹೋಗಿ ನೋಡಪ್ಪ.”

ಬಾಗಿಲು ತೆರೆದು, ದೀಪ ಹಾಕಿ, ರೋಹನ ತಲೆ ಎತ್ತಿದ.

ಬಿಳಿ. ಈ ಗೋಡೆಯಿಂದ ಆ ಗೋಡೆಯವರೆಗೆ ಬಿಳಿ ಚೌಕದ ಹಲಗೆಗಳು, ನಡುನಡುವೆ ದೀಪ. ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಮಲಗಿದಾಗ ಕಾಣುವಂಥದ್ದು. ತಪ್ಪು ಹಾಲಿಗೆ ಬಂದೆನೇನೋ ಎಂದು ಅವನು ಒಂದು ಸಲ ಬಾಗಿಲ ಕಡೆಗೂ ನೋಡಿದ.

ಮೂಲೆಯ ಮೇಜು ಎಳೆದು, ಅದರ ಮೇಲೆ ಕುರ್ಚಿ ಹಾಕಿ ಹತ್ತಿದ. ಅಂಗೈ ಹಚ್ಚಿ ದೂಡಿದರೆ ಒಂದು ಹಲಗೆ ಮೇಲಕ್ಕೆ ಸರಿಯಿತು. ಪುಡಿ ತಲೆಯ ಮೇಲೆ ಸುರಿಯಿತು. ಫೋನಿನ ಬೆಳಕು ಬಿಟ್ಟ. ಕತ್ತಲಲ್ಲಿ, ಮೇಲಿನ ಹಳೇ ಛಾವಣಿಯಲ್ಲಿ, ಒಂದು ತೋಳು ಕಂಡಿತು, ಮೊಣಕೈಯಿಂದ ಮಣಿಕಟ್ಟಿನ ತನಕ. ದೇವರದೋ ಮನುಷ್ಯನದೋ ತಿಳಿಯಲಿಲ್ಲ. ಚರ್ಮದ ಕೆಳಗೆ ನರ ಎದ್ದಿತ್ತು, ಈಗ ಮುಟ್ಟಿದರೆ ಮಿಡಿಯುತ್ತದೆ ಎನ್ನುವಂತೆ. ಆ ನರದ ಮೇಲೆಯೇ ತೂತು ಕೊರೆದು ಕಬ್ಬಿಣದ ತಂತಿ ಇಳಿಬಿಟ್ಟಿದ್ದರು, ಹಲಗೆಗಳ ಭಾರ ಹೊರಲು.

“ಚಳಿ ಕಣಪ್ಪ,” ಕೆಳಗಿನಿಂದ ಚಂದ್ರಶೇಖರ್ ಹೇಳಿದರು. ಯಾವಾಗ ಒಳಗೆ ಬಂದಿದ್ದರೋ. “ಅಷ್ಟೆತ್ತರದ ಸೂರು. ಎಷ್ಟು ಹೀಟಿಂಗ್ ಹಾಕಿದ್ರೂ ಮಕ್ಕಳು ನಡುಗೋವು. ಕೆಳಗೆ ಇನ್ನೊಂದು ಸೂರು ಹಾಕ್ಸೋಣ ಅಂತ ಹೋದ ವರ್ಷ ಕಮಿಟೀಲಿ ತೀರ್ಮಾನ ಆಯ್ತು.”

“ಅಪ್ಪಗ ಗೊತ್ತಿತ್ತೇನು?”

ಅವರು ಕನ್ನಡಕ ತೆಗೆದು ಒರೆಸಿದರು. “ಕೆಲಸ ನಡೀವಾಗ ಅವರೇ ಏಣಿ ಹಿಡ್ಕೊಂಡಿದ್ರು. ‘ಇರ್ಲಿ ಬಿಡ್ರಿ, ಹುಡುಗೂರು ಬೆಚ್ಚಗಿರ್ತಾವ’ ಅಂದ್ರು. ಆಮೇಲೆ ಈ ಕಡೆ ಬರಲೇ ಇಲ್ಲ.”

ಬರಲೇ ಇಲ್ಲ. ಆದರೆ ಆಸ್ಪತ್ರೆ ಸೇರುವ ತನಕವೂ ಅಮೃತಪ್ಪ ಭಾನುವಾರ ತಪ್ಪಿಸಿರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಹೊರಡುವನು. ಎಲ್ಲಿಗೆ ಎಂದರೆ, ‘ಹಾಲಿಗೆ ಹೋಗಿ ಬರ್ತೀನೋ’ ಎನ್ನುವನು. ಸಂಜೆಗೆ ಬಂದು ಸುಮ್ಮನೆ ಅನ್ನ ಉಣ್ಣುವನು. ಆ ಇಡೀ ವರ್ಷ ಯಾವ ಬಸ್‌ಸ್ಟಾಪಿನಲ್ಲಿ, ಯಾವ ಪಾರ್ಕಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದನೋ.

ರೋಹನ ಕುರ್ಚಿಯಿಂದ ಇಳಿದ. ನೇರ ಬಾಗಿಲ ಕಡೆ ನಡೆದ.

“ಬಿಚ್ಚಿಸ್ತೀನಪ್ಪ, ಮುಂದಿನ ವಾರವೇ ಬಿಚ್ಚಿಸ್ತೀನಿ,” ಚಂದ್ರಶೇಖರ್ ಹಿಂದೆಯೇ ಬಂದರು. “ಹೊರಗೆ ಅಂದಿದ್ದು ಬಾಯಿ ತಪ್ಪಿ ಅಂದೆ. ನೀನು ಒಳಗೆ ಬರಬಾರದು ಅಂತಲೇ ಹಾಗೆ... ಈಗ ಪೆಟ್ಟಿಗೆ ತರಿಸ್ಲಾ? ನಾಲ್ಕು ಹಲಗೆ ತೆಗೆದು ಇಡೋಣ. ಏನಾದ್ರೂ ಹೇಳಪ್ಪ.”

ಅವನು ಹೊರಗೆ ಬಂದ. “ಛಾವಣಿ ಹೆಂಗದೋ ತಮ್ಮಾ? ಭಾಳ ಚಂದ ಅದಲ್ಲ?” ಎಂದು ಶಿವಕ್ಕ ಆಸೆಯಿಂದ ಕೇಳಿದಳು. ಉಳಿದವರು ಯಾರೂ ಕೇಳಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಆ ಬಿಳಿಯ ಕೆಳಗೆ ಕೂತು ಹೋಳಿಗೆ ಉಂಡವರೇ.

ರೋಹನ ಶಿವಕ್ಕನ ಹೆಗಲು ಮುಟ್ಟಿ ಮುಂದೆ ನಡೆದ. ಹಾರ ಹಿಡಿದವರನ್ನು ದಾಟಿದ, ತನಗೆಂದು ಬಾಗಿಲು ತೆರೆದಿಟ್ಟ ಕಾರನ್ನು ದಾಟಿದ. ಹಿಂದಿನಿಂದ ಚಂದ್ರಶೇಖರ್ ಇನ್ನೂ ಕರೆಯುತ್ತಿದ್ದರು. ಅವನು ರಸ್ತೆಯ ನಟ್ಟನಡುವೆ ಇಳಿದು ಸ್ಮಶಾನದ ಕಡೆ ಹೆಜ್ಜೆ ಹಾಕಿದ. ಹೆಣದ ಕಾರು ಸದ್ದಿಲ್ಲದೆ ಅವನ ಹಿಂದೆ ಹೊರಟಿತು. ಕಾರಿನ ಮುಂದೆ ನಡೆಯುವುದೇ ಕೆಲಸವಾಗಿದ್ದ ಕರೀ ಹ್ಯಾಟಿನ ಇಂಗ್ಲಿಷಿನವನು ಒಂದು ಗಳಿಗೆ ತಡೆದು, ಹ್ಯಾಟು ತೆಗೆದು, ಪಕ್ಕಕ್ಕೆ ಸರಿದ. ಎದುರಿನಿಂದ ಬಂದ ಕೆಂಪು ಬಸ್ಸು ನಿಂತಿತು. ಅದರ ಮಹಡಿಯಲ್ಲಿ ಕೂತವರು ಬಗ್ಗಿ ನೋಡಿದರು. ತಲೆ, ಹೆಗಲು ಪೂರ್ತಿ ಬಿಳಿ ಪುಡಿ ಮೆತ್ತಿಕೊಂಡ ಹುಡುಗನೊಬ್ಬ, ಅವನ ಬೆನ್ನಿಗೆ ಹತ್ತಿದಂತೆ ಒಂದು ಕರೀ ಕಾರು.