ಊಟಕ್ಕೆ ಬಾರದ ಅಂಪೈರ್

ನಮ್ಮ ಕಡೆ ಹುಡುಗರ ಆಟ ಚೆನ್ನಾಗಿಯೇ ಶುರುವಾಗುತ್ತದೆ. ಕೆಡುವುದು ಸೀಟಿಯ ಹತ್ತಿರ. ಸೀಟಿ ಊದುವವನು ಯಾರ ಕಡೆಯವನು, ಅವನನ್ನು ಕರೆಸಿದವರು ಯಾರು, ಯಾರ ಮನೆಯಲ್ಲಿ ಇಳಿದಿದ್ದಾನೆ ಎಂಬ ಮಾತು ಮೈದಾನದ ಅಂಚಿನಲ್ಲಿ ಹುಟ್ಟುತ್ತದೆ. ಮಾತು ಬೈಗುಳವಾಗುತ್ತದೆ, ಬೈಗುಳ ಹೊಡೆದಾಟವಾಗುತ್ತದೆ. ಹಾಕಿಯಲ್ಲಿ ಕೋಲು ಎಲ್ಲರ ಕೈಯಲ್ಲೂ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹೀಗೆ ನಿಂತೇ ಹೋಗುವುದಿದ್ದ ಒಂದು ಆಟ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳುತ್ತೇನೆ. ಆಗ ನಾನು ಮಾನ್ವಿಯಲ್ಲಿ ಹಂಪಣ್ಣನವರ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ಹಾಕುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು.

ರಾಯಚೂರು, ದೇವದುರ್ಗ, ಮಾನ್ವಿಯ ಶಾಲೆ ಹುಡುಗರು ವರ್ಷಕ್ಕೊಮ್ಮೆ ಹಾಕಿ ಆಡುತ್ತಿದ್ದರು. ಕೊನೆಯ ಆಟ ಯಾವಾಗಲೂ ಮಾನ್ವಿಯಲ್ಲಿ, ಯಾಕೆಂದರೆ ಅಲ್ಲಿನ ಮೈದಾನ ದೊಡ್ಡದು. ಹೊರಗಿನಿಂದ ಬಂದ ಅಂಪೈರನನ್ನು ಹಂಪಣ್ಣನವರು ಮನೆಗೆ ಕರೆದು, ಹೋಳಿಗೆ ಊಟ ಹಾಕಿ, ಎಲೆ ಅಡಿಕೆ ಕೊಟ್ಟು, ಟಾಂಗಾದಲ್ಲಿ ಕೂಡಿಸಿ ಮೈದಾನಕ್ಕೆ ಕಳಿಸುತ್ತಿದ್ದರು. ಅವರಲ್ಲಿ ಕೆಟ್ಟ ಯೋಚನೆ ಇರಲಿಲ್ಲ. ಊರಿಗೆ ಬಂದವರು ಉಣ್ಣದೆ ಹೋಗಬಾರದು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು.

1981ರಲ್ಲಿ ಕೊನೆಯ ಆಟ ಮಾನ್ವಿಗೂ ದೇವದುರ್ಗಕ್ಕೂ ಬಿತ್ತು. ಅಂಪೈರ್ ಮಾನ್ವಿಗೆ ಒಂದು ಗೋಲು ಕೊಟ್ಟ. ಅದು ಸರಿಯಾದ ಗೋಲೇ. ನಾನು ಕಂಬದ ಹತ್ತಿರವೇ ನಿಂತಿದ್ದೆ. ಆದರೆ ದೇವದುರ್ಗದವರು ಚೆಂಡನ್ನು ನೋಡಲಿಲ್ಲ, ಅಂಪೈರನ ಬಾಯಿ ನೋಡಿದರು. ಎಲೆ ಅಡಿಕೆಯಿಂದ ಕೆಂಪಗಿತ್ತು.

"ಹೋಳಗಿ ಮಾತಾಡಾಕತ್ತದ ನೋಡ್ರಲೇ!" ಎಂದು ಯಾರೋ ಕೂಗಿದರು.

ಅಷ್ಟೇ ಸಾಕಾಯಿತು. ಎರಡೂ ಊರಿನ ದೊಡ್ಡವರು ಮೈದಾನಕ್ಕೆ ನುಗ್ಗಿದರು. ದೇವದುರ್ಗದ ಗೋಲು ಕಾಯುತ್ತಿದ್ದ ಮೀರಾಹುಸೇನ ಎಂಬ ಹದಿನಾಲ್ಕರ ಹುಡುಗನಿಗೆ ಹುಬ್ಬು ಸೀಳಿ ಆರು ಹೊಲಿಗೆ ಬಿದ್ದವು. ಹೊಡೆದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಅವನ ತಪ್ಪಂತೂ ಏನೂ ಇರಲಿಲ್ಲ.

ಮೂರೂ ಊರಿನ ಹೆಡ್ ಮಾಸ್ತರರು ಕೂತು ಒಂದು ತೀರ್ಮಾನಕ್ಕೆ ಬಂದರು. ಇನ್ನೊಂದು ವರ್ಷ ನೋಡುವುದು. ಮತ್ತೆ ಒಬ್ಬ ಹುಡುಗನ ಮೈಮೇಲೆ ರಕ್ತ ಕಂಡರೆ ಮಕ್ಕಳ ಹಾಕಿ ಖಾಯಂ ಬಂದ್. ಅಂಪೈರುಗಳು ಇಬ್ಬರೂ ಆಡುವ ಊರಿನವರಾಗಿರಬಾರದು, ಆಡುವ ಹುಡುಗರ ನೆಂಟರೂ ಆಗಿರಬಾರದು.

ಮರು ವರ್ಷವೂ ಕೊನೆಯ ಆಟ ಅದೇ ಎರಡು ಊರುಗಳಿಗೆ ಬಿತ್ತು. ಅಂಪೈರಾಗಿ ರಾಯಚೂರಿನಿಂದ ಮರಿಸ್ವಾಮಿಗಳು ಬಂದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಜಂಗಮರು, ಮೂವತ್ತು ವರ್ಷ ಸೀಟಿ ಊದಿದವರು. ಜೊತೆಗೆ ಕವಿತಾಳದಿಂದ ಜಹೀರುದ್ದೀನ್. ಸೈಕಲ್ ರಿಪೇರಿ ಅಂಗಡಿಯ ಇಪ್ಪತ್ತರ ಹುಡುಗ. ಎಂಟು ಭಾನುವಾರ ರಾಯಚೂರಿಗೆ ಹೋಗಿ ಮರಿಸ್ವಾಮಿಗಳ ಹತ್ತಿರ ನಿಯಮ ಕಲಿತಿದ್ದ. ಕೊನೆಯ ಆಟಕ್ಕೆ ಸೀಟಿ ಹಿಡಿದದ್ದು ಅದೇ ಮೊದಲು.

ಹಂಪಣ್ಣನವರು ಬಸ್ ಸ್ಟ್ಯಾಂಡಿನಲ್ಲಿ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಮಗ ಬಸಲಿಂಗನೇ ಮಾನ್ವಿ ತಂಡದ ಕ್ಯಾಪ್ಟನ್.

"ಬರ್ರಿ ಸ್ವಾಮೇರ, ಮೊದ್ಲ ಮನಿಗೆ ಹೋಗೂಣು. ಊಟ ತಯಾರದ."

"ಹಂಪಣ್ಣ, ಆಟ ಆಗೂತನಕ ಯಾರ ಮನಿಗೂ ಬರಂಗಿಲ್ಲಪಾ. ಮೈದಾನ ಯಾವ ಕಡಿ, ಅದನ್ನ ತೋರ್ಸು. ನಡಕೋಂತ ಹೋಗ್ತೀವಿ."

"ಚಾ ಆದ್ರೂ ಕುಡೀರಿ."

"ಚಾನೂ ಬ್ಯಾಡ."

ಹಂಪಣ್ಣನವರ ಮುಖ ಗಂಟಿಕ್ಕಿತು. ಜಹೀರುದ್ದೀನನ ಕಡೆ ತಿರುಗಿದರು. "ನಿನಗೇನಪಾ? ನಮ್ಮ ಮನಿ ಅಡಗಿ ನಿನಗ ನಡಿಯಂಗಿಲ್ಲೇನು?"

ಜಹೀರುದ್ದೀನ್ ತಲೆ ತಗ್ಗಿಸಿದ. "ನಡೀತದ್ರಿ ಸಾವ್ಕಾರ್ರ, ಯಾಕ ನಡಿಯಂಗಿಲ್ಲ. ಸೀಟಿ ಕೊಳ್ಳಾಗ ಹಾಕ್ಕೊಂಡಾಗ ಮಾತ್ರ ನಡಿಯಂಗಿಲ್ಲ."

ಹಂಪಣ್ಣನವರು ಖಾಲಿ ಟಾಂಗಾದಲ್ಲಿ ಮನೆಗೆ ಹೋದರು. ಊರಿಗೆಲ್ಲ ಕಾಣುವಂತೆ ಖಾಲಿ ಟಾಂಗಾ ಹೋಯಿತು. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಆಟಕ್ಕೆ ಇನ್ನೂ ಒಂದೂವರೆ ತಾಸು ಇರುವಾಗಲೇ ಅವರಿಬ್ಬರೂ ಮೈದಾನದಲ್ಲಿದ್ದರು. ನಾನು ಹಾಕಿದ ಗೆರೆಗಳನ್ನು ಹೆಜ್ಜೆ ಹೆಜ್ಜೆಗೂ ನೋಡಿದರು. ಗೋಲಿನ ಮುಂದೆ ಅರ್ಧಚಂದ್ರದ ಹಾಗೆ ಒಂದು ಗೆರೆ ಇರುತ್ತದೆ, ಅದಕ್ಕೆ ಡಿ ಅನ್ನುತ್ತಾರೆ. ಅದರೊಳಗೆ ಹೊಡೆದರೆ ಮಾತ್ರ ಗೋಲು. ಜಹೀರುದ್ದೀನ್ ಹಗ್ಗ ಹಿಡಿದು ಅಳೆದ. ಒಂದು ಕಡೆ ಒಂದು ಗೇಣು ಹೆಚ್ಚಾಗಿತ್ತು.

"ಕಾಕಾ, ಇದನ್ನ ಅಳಿಸಿ ಇನ್ನೊಮ್ಮಿ ಹಾಕ್ರಿ" ಎಂದ. ನನಗೆ ಸಿಟ್ಟು ಬಂತು. ಆದರೂ ಹಾಕಿದೆ.

ಹುಡುಗರು ಬಂದ ಮೇಲೆ ಜಹೀರುದ್ದೀನ್ ಎಲ್ಲರ ಕೋಲು ಮುಟ್ಟಿ ನೋಡಿದ. ದೇವದುರ್ಗದ ಒಬ್ಬನ ಕೋಲು ಸಿಗಿದಿತ್ತು, ಬದಲಾಯಿಸಿದ. ಮಾನ್ವಿಯ ಒಬ್ಬನ ಕೋಲಿನಲ್ಲಿ ಮೊಳೆ ಎದ್ದಿತ್ತು, ಅದನ್ನೂ ಬದಲಾಯಿಸಿದ. ಯಾರಿಗೂ "ಲೇ" ಅನ್ನಲಿಲ್ಲ. ಕ್ಯಾಪ್ಟನ್‌ಗಳಾದ ಬಸಲಿಂಗ, ಮೀರಾಹುಸೇನ ಇಬ್ಬರನ್ನೂ ಕರೆದು ಹೇಳಿದ: "ಏನರ ಕೇಳೂದಿದ್ರ ನೀವಿಬ್ರ ಬಂದು ಕೇಳ್ರಿ, ಕೋಲು ಕೆಳಗ ಹಿಡಕೊಂಡು. ಉಳಿದವ್ರು ಬಂದ್ರ ಐದು ನಿಮಿಷ ಹೊರಗ. ಯಾರಿಗರ ರಕ್ತ ಬಂತಂದ್ರ ಮೊದ್ಲು ಆಟ ನಿಲ್ಲಿಸ್ತೀನಿ, ಗೋಲಿನ ಮಾತು ಆಮ್ಯಾಲ."

ಅಷ್ಟರಲ್ಲಿ ಟಾಂಗಾ ಮತ್ತೆ ಬಂತು. ಈ ಸಲ ಇಳಿದವರು ಹಂಪಣ್ಣನವರ ಹೆಂಡತಿ ಚನ್ನಮಲ್ಲಮ್ಮ. ಕೈಯಲ್ಲಿ ಊಟದ ಡಬ್ಬಿ. ಹಿಂದೆಯೇ ಹಂಪಣ್ಣನವರು.

"ಸ್ವಾಮೇರ, ಜಂಗಮರು ಊರಿಗೆ ಬಂದು ನಮ್ಮ ಮನ್ಯಾಗ ಉಣ್ಣದ ಹೋದ್ರಂದ್ರ ನಾ ಊರಾಗ ಹೆಂಗ ಮಾರಿ ತೋರಿಸ್ಲಿ? ಬೆಳಿಗ್ಗಿಂದ ಒಲಿ ಮುಂದ ಕುಂತೀನ್ರಿ."

ಮರಿಸ್ವಾಮಿಗಳು ಕೈಮುಗಿದರು. "ಯವ್ವಾ, ಇವತ್ತ ನಾ ಜಂಗಮ ಅಲ್ಲ, ಸೀಟಿ ಊದಾಂವ. ಒಂದ ಮಾತು ಕೇಳ್ತೀನಿ. ಹೋದ ವರ್ಷ ನಿಮ್ಮೂರಿಗೆ ಕೊಟ್ಟ ಗೋಲು ಖರೇನೋ ಸುಳ್ಳೋ?"

"ಖರೇನರಿ. ನಮ್ಮ ಬಸಲಿಂಗ ಆಣಿ ಮಾಡಿ ಹೇಳ್ಯಾನ."

"ಖರೇ ಇದ್ರೂ ಜನ ಯಾಕ ನಂಬಲಿಲ್ಲ?"

ಚನ್ನಮಲ್ಲಮ್ಮ ಡಬ್ಬಿಯನ್ನು ನೋಡಿದರು. "ನಮ್ಮ ಮನ್ಯಾಗ ಉಂಡಿದ್ದರಿ ಅಂವ."

"ಅಷ್ಟ ನೋಡವ್ವ. ನಿಮ್ಮ ಊಟದಾಗ ತಪ್ಪಿಲ್ಲ. ಆದ್ರ ಆ ಮೀರಾಹುಸೇನನ ತಾಯಿ ಬೇಲಿ ಆಚಿಕಡಿ ನಿಂತು ನೋಡಾಕತ್ತಿರ್ತಾಳಲ್ಲ, ಆಕಿಗೆ ಹೆಂಗ ಗೊತ್ತಾಗಬೇಕು? ನಾವು ಸರಿಯಾಗಿ ಸೀಟಿ ಊದಿದ್ರ ಸಾಲದು. ಸೋತವ್ರೂ ನಂಬೂಹಂಗ ಇರಬೇಕು."

ಹಂಪಣ್ಣನವರು ಮಧ್ಯೆ ಬಾಯಿ ಹಾಕಿದರು. "ಇವೆಲ್ಲಾ ಪೇಟಿ ಮಾತ್ರಿ. ಒಂದು ತುತ್ತು ಅನ್ನಕ್ಕ ನಿಯತ್ತು ಮಾರ್ಕೊಳ್ಳೋ ಮನಷ್ಯಾಗ ಸೀಟಿ ಯಾಕ ಕೊಡಬೇಕು?"

"ಅನ್ನಕ್ಕ ಮಾರ್ಕೊಳ್ಳಂಗಿಲ್ರಿ" ಎಂದ ಜಹೀರುದ್ದೀನ್. "ಆದ್ರ ಅಮ್ಮಾರ ಕೈಯಾಗ ಉಂಡು ಬಂದು, ಅವರ ಮಗಗ ಐದು ನಿಮಿಷ ಹೊರಗ ಹೋಗು ಅನ್ನಾಕ ನನಗ ನಾಲಿಗಿ ಏಳಂಗಿಲ್ರಿ. ನನ್ನ ಮ್ಯಾಲ ನನಗ ಅಷ್ಟು ಭರವಸಿ ಇಲ್ಲ."

ಚನ್ನಮಲ್ಲಮ್ಮನಿಗೆ ನಗು ಬಂತು. "ಹುಡುಗ ಖರೇ ಮಾತಾಡ್ತಾನ. ನನಗ ತಿಳೀತರಿ ಸ್ವಾಮೇರ. ಇವರಿಗೆ ತಿಳಿಯಾಕ ಇನ್ನೂ ಹೊತ್ತು ಹಿಡೀತದ. ಕುಂಡ್ರಿ, ಹೋಳಗಿ ನಾನ ತಿಂತೀನಿ."

ಹಂಪಣ್ಣನವರು ನಗಲಿಲ್ಲ. ಹೋಗಿ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಅಂಪೈರುಗಳಿಬ್ಬರೂ ತಾವು ತಂದ ರೊಟ್ಟಿ ಬಿಚ್ಚಿ ತಿಂದು, ಎರಡೂ ತಂಡದ ಹುಡುಗರು ಕುಡಿಯುವ ಗಡಿಗೆಯಲ್ಲೇ ನೀರು ಕುಡಿದರು.

ಆಟ ಶುರುವಾಯಿತು. ಜನ ಬೇಲಿ ಮುರಿಯುವ ಹಾಗೆ ತುಂಬಿದ್ದರು. ಮೈದಾನವನ್ನು ಎರಡು ಭಾಗ ಮಾಡಿ ಒಬ್ಬೊಬ್ಬ ಅಂಪೈರ್ ಒಂದೊಂದು ಭಾಗ ನೋಡಿಕೊಳ್ಳಬೇಕು. ದೇವದುರ್ಗದ ಗೋಲಿರುವ ಕಡೆ ಜಹೀರುದ್ದೀನನಿದ್ದ. ಎರಡೂ ಕಡೆ ಒಂದೊಂದು ಗೋಲಾಯಿತು. ಎರಡಕ್ಕೂ ತಕರಾರು ಇರಲಿಲ್ಲ.

ಮುಗಿಯಲು ಆರು ನಿಮಿಷ ಇತ್ತು. ಬಸಲಿಂಗ ಇಬ್ಬರನ್ನು ದಾಟಿ ಬಂದು ಬೀಸಿ ಹೊಡೆದ. ಚೆಂಡು ಮೀರಾಹುಸೇನನ ಪಕ್ಕದಿಂದ ಹೋಗಿ ಗೋಲಿನ ಹಿಂದಿನ ಹಲಗೆಗೆ ಬಡಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಜಹೀರುದ್ದೀನ್ ಸೀಟಿ ಊದಿ ಗೋಲು ಕೊಟ್ಟ. ತಮಟೆಯಂಥ ಹಲಗಿ ಬಾರಿಸುವವರು ಶುರು ಮಾಡಿದರು. ಹಂಪಣ್ಣನವರು ಕುರ್ಚಿಯಿಂದ ಎದ್ದು ಟವೆಲ್ ಬೀಸಿದರು.

ನಾನು ಮಾತ್ರ ಗೆರೆಯನ್ನೇ ನೋಡುತ್ತಿದ್ದೆ. ಹೊಡೆದದ್ದು ಡಿ ಹೊರಗಿನಿಂದ. ಗೆರೆ ನನ್ನದು, ಅಂಚಿನಲ್ಲೇ ನಿಂತಿದ್ದೆ, ಕಂಡಿದ್ದೆ. ಆದರೆ ನೋಡಲು ಬಂದವನು ತೀರ್ಪು ಹೇಳಬಾರದು.

ಮೀರಾಹುಸೇನ ಕೋಲು ಕೆಳಗೆ ಹಿಡಿದುಕೊಂಡು ನಡೆದು ಬಂದ. ಓಡಲಿಲ್ಲ. "ಸಾರ್, ಹೊರಗಿಂದ ಹೊಡದಾರ್ರೀ. ಒಮ್ಮಿ ವಿಚಾರ ಮಾಡ್ರಿ."

ಜಹೀರುದ್ದೀನ್ ಹೊಡೆದ ಜಾಗದ ಕಡೆ ತಿರುಗಿ ನೋಡಿದ. ಹೊಡೆಯುವ ಗಳಿಗೆಯಲ್ಲಿ ಅವನ ಮುಂದೆ ಒಬ್ಬ ಆಟಗಾರ ಅಡ್ಡ ಬಂದಿದ್ದ. ಅವನು ಕಂಡದ್ದು ಚೆಂಡು ಒಳಗೆ ಹೋದದ್ದನ್ನು, ಹೊಡೆದ ಜಾಗವನ್ನಲ್ಲ. ಅವನು ಗಡಿಯಾರ ನಿಲ್ಲಿಸಿದ. ಆಟ ಮತ್ತೆ ನಡುವಿನಿಂದ ಶುರುವಾದರೆ ತೀರ್ಪು ಬದಲಿಸಲು ಬರುವುದಿಲ್ಲ. ಅದಕ್ಕೆ ಮೊದಲೇ ಕೇಳಬೇಕು. ಅಷ್ಟು ಜನರ ಎದುರಿಗೆ ಮೈದಾನದ ಉದ್ದಕ್ಕೂ ನಡೆದು ಮರಿಸ್ವಾಮಿಗಳ ಹತ್ತಿರ ಹೋದ.

"ಸ್ವಾಮೇರ, ನಾ ಹೊಡತ ನೋಡ್ಲಿಲ್ರಿ. ನೀವು ನೋಡಿರೇನು?"

"ನೋಡೀನಿ. ಎರಡು ಮೊಳ ಹೊರಗಿತ್ತು. ಆದ್ರ ಆ ಭಾಗ ನಿಂದು. ತೀರ್ಮಾನ ನಿಂದ."

ಅವನು ವಾಪಸು ಬಂದು ಕ್ಯಾಪ್ಟನ್‌ಗಳಿಬ್ಬರನ್ನೂ ಕರೆದ. ಬೇಲಿಗೂ ಕೇಳುವ ಹಾಗೆ ಹೇಳಿದ: "ತಪ್ಪು ನಂದು. ಹೊಡೆದ ಜಾಗ ನಾ ನೋಡಿರಲಿಲ್ಲ. ಹೊರಗಿಂದ ಹೊಡದದ್ದು, ಗೋಲಲ್ಲ. ಚೆಂಡು ದೇವದುರ್ಗದವರಿಗೆ."

ಹಲಗಿ ನಿಂತಿತು. ಆಮೇಲೆ ಬೇಲಿ ಮುರಿದ ಸದ್ದು ಕೇಳಿತು. ಇಪ್ಪತ್ತು ಮೂವತ್ತು ಜನ ಒಳಗೆ ನುಗ್ಗಿದರು.

"ಕೊಟ್ಟ ಗೋಲು ತಿರುಗಿ ತಗೋತಾನ! ದೇವದುರ್ಗದವರ ಮನ್ಯಾಗ ಉಂಡು ಬಂದಾನ ಮಗ! ಹಿಡೀರಿ!"

ಮೀರಾಹುಸೇನ ತನ್ನ ಹುಬ್ಬಿನ ಮೇಲೆ ಕೈ ಇಟ್ಟುಕೊಂಡ. ಅವನಿಗೆ ಗೊತ್ತಿಲ್ಲದೆಯೇ ಕೈ ಅಲ್ಲಿಗೆ ಹೋಗಿತ್ತು. ಜಹೀರುದ್ದೀನ್ ಹಿಂದೆ ಸರಿಯಲಿಲ್ಲ. ಹುಡುಗರನ್ನೆಲ್ಲ ತನ್ನ ಬೆನ್ನ ಹಿಂದೆ ಕರೆದುಕೊಂಡ.

ಬಸಲಿಂಗ ಮಾತ್ರ ತಂದೆಯ ಕಡೆ ಓಡಿದ. "ಯಪ್ಪಾ! ಹೊರಗಿಂದನ ಹೊಡದೀನಿ. ಅವರು ಹೇಳೂದು ಖರೇ ಅದ!"

ಹಂಪಣ್ಣನವರು ಮಗನನ್ನು ನೋಡಿದರು. ಆ ಕವಿತಾಳದ ಹುಡುಗನನ್ನು ನೋಡಿದರು. ಏನು ಹೊಳೆಯಿತೋ ಗೊತ್ತಿಲ್ಲ, ಮುಂದೆ ಬಂದು ನುಗ್ಗಿದವರಿಗೆ ಅಡ್ಡ ನಿಂತರು. ದೊಡ್ಡ ದನಿಯ ಮನುಷ್ಯ.

"ನಿಲ್ರಲೇ! ಯಾರ ಮನ್ಯಾಗ ಉಂಡಾನ ಅಂವ? ಬಸ್ ಇಳದಾಗಿಂದ ನೋಡಾಕತ್ತೀನಿ. ಕೈ ಮುಗದು ಕರದೀನಿ, ನನ್ನ ಮನಿ ಚಾ ಸೈತ ಮುಟ್ಟಿಲ್ಲ. ಅಂತಾಂವ ಇನ್ನೊಬ್ಬರ ಮನ್ಯಾಗ ಉಣ್ತಾನೇನು? ನನ್ನ ಮಗನ ಹೊರಗಿಂದ ಹೊಡದೀನಿ ಅನ್ನಾಕತ್ತಾನ. ನಿಮಗೇನು ತ್ರಾಸು? ನಡೀರಿ ಹಿಂದಕ್ಕ!"

ಗಿರಣಿಯ ಹಮಾಲರೆಲ್ಲ ನಾವು ಅವರ ಪಕ್ಕಕ್ಕೆ ಹೋಗಿ ಸಾಲಾಗಿ ನಿಂತೆವು. ಜನ ಗೊಣಗುತ್ತ ಹಿಂದಕ್ಕೆ ಸರಿದರು. ಒಬ್ಬ ಹುಡುಗನಿಗೂ ಒಂದು ಪೆಟ್ಟು ಬೀಳಲಿಲ್ಲ.

ಆಟ ಮುಂದುವರಿಯಿತು. ಎರಡು ನಿಮಿಷಕ್ಕೆ ದೇವದುರ್ಗದ ಒಬ್ಬನ ಕಾಲಿಗೆ ಚೆಂಡು ತಾಗಿತು, ಡಿ ಹೊರಗೆ, ದೂರದಲ್ಲಿ.

"ಪೆನಾಲ್ಟಿ ಕಾರ್ನರ್ ಕೊಡು! ಮೊದಲಿಂದು ಸರಿ ಮಾಡು!" ಎಂದು ಊರೆಲ್ಲ ಕೂಗಿತು.

ಗೋಲು ಹೊಡೆಯಲು ಹತ್ತಿರದಿಂದ ಸಿಗುವ ಆ ದೊಡ್ಡ ಅವಕಾಶ ಕೊಡದೆ ಜಹೀರುದ್ದೀನ್ ಬರೀ ಫ್ರೀ ಹಿಟ್ ಕೊಟ್ಟ. ಅದು ಅಷ್ಟಕ್ಕೇ ಆಗುವ ತಪ್ಪು. ಒಂದು ತಪ್ಪಾಯಿತೆಂದು ಅದರ ಬದಲಿಗೆ ಇನ್ನೊಂದು ತಪ್ಪು ಮಾಡಿದರೆ ಎರಡು ತಪ್ಪಾಗುತ್ತವೆ ಎಂದು ಮರಿಸ್ವಾಮಿಗಳು ಅವನಿಗೆ ಕಲಿಸಿದ್ದರು.

ಸಮ ಸಮವಾದ್ದರಿಂದ ಹೆಚ್ಚಿನ ಆಟ ಆಡಿಸಿದರು. ಅದರಲ್ಲಿ ದೇವದುರ್ಗದವರು ಡಿ ಒಳಗಿನಿಂದ ಹೊಡೆದು ಗೆದ್ದರು. ನಮ್ಮವರು ಸೋತರು. ಬಸಲಿಂಗ ಅತ್ತ. ಅಳುತ್ತಲೇ ಹೋಗಿ ಮೀರಾಹುಸೇನನ ಕೈ ಹಿಡಿದ, ಜಹೀರುದ್ದೀನನ ಕೈ ಹಿಡಿದ. ಮೊದಲು ಚನ್ನಮಲ್ಲಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಹಮಾಲರು, ಆಮೇಲೆ ಬೇಲಿ ಮುರಿದವರೇ ತಟ್ಟಿದರು. ಸೋತ ಊರು ಗೆದ್ದ ಊರಿಗೆ ಹಲಗಿ ಬಾರಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೆಡ್ ಮಾಸ್ತರರು ಮೂವರೂ ಪಿಸುಪಿಸು ಮಾತಾಡಿಕೊಂಡರು. ಒಬ್ಬರು ಮೈಕ್ ಹಿಡಿದು ಹೇಳಿದರು: "ಬರೂ ವರ್ಷ ಆಟ ಅದ. ನಾಲ್ಕು ಹೊಸಾ ಊರು ಸೇರಸ್ತೀವಿ!"

ಹುಡುಗರು ಎರಡೂ ಬಣ್ಣದ ಅಂಗಿಯವರು ಕಲೆತು ಕೂಗಿದ ಕೂಗಿಗೆ ಗಿರಣಿಯ ತಗಡಿನ ಮೇಲಿದ್ದ ಪಾರಿವಾಳ ಎಲ್ಲ ಎದ್ದು ಹೋದವು.

ಮಕ್ಕಳ ಹಾಕಿ ನಿಲ್ಲಲಿಲ್ಲ. ಐದು ವರ್ಷದಲ್ಲಿ ಮೂರು ಊರು ಹನ್ನೊಂದಾಯಿತು, ಮಲ್ಲಟದಂಥ ಸಣ್ಣ ಊರಿನ ಹುಡುಗರೂ ಬಂದರು. ಬಸಲಿಂಗನ ಶಾಲೆ ಮುಗಿದ ಮೇಲೆ ಹಂಪಣ್ಣನವರೇ ಅವನನ್ನು ರಾಯಚೂರಿಗೆ ಕರೆದುಕೊಂಡು ಹೋಗಿ, "ಸ್ವಾಮೇರ, ಇವಗೂ ಸೀಟಿ ಕಲಿಸ್ರಿ" ಎಂದರು.

ಓದುವವರೇ, ಕೇಳುವವರೇ, ನಿಮ್ಮ ಊರಲ್ಲೂ ಹುಡುಗರು ಆಡುತ್ತಾರೆ. ನಿಮ್ಮ ಮನೆಯ ಮಗನೋ ಮಗಳೋ ಸೀಟಿ ಹಿಡಿಯುತ್ತೇನೆ ಅಂದರೆ ಹೆದರಿಸಬೇಡಿ, ನಿಯಮ ಕಲಿಯಲು ಕಳಿಸಿ. ತನ್ನ ಊರಿನ, ತನ್ನ ನೆಂಟರ ಆಟಕ್ಕೆ ಬೇಡ ಅನ್ನುವುದನ್ನು ಕಲಿಸಿ. ಕಾಣದ್ದನ್ನು ಕಂಡೆ ಅನ್ನಬೇಡ, ತಪ್ಪಾದರೆ ಅಲ್ಲೇ ಒಪ್ಪಿಕೋ ಅನ್ನಿ. ನೋಡಲು ಹೋದ ನಾವು ಬೇಲಿಯ ಈಚೆಗೇ ಇರೋಣ. ನಮ್ಮೂರು ಸೋತ ದಿನವೂ ಮಕ್ಕಳೆಲ್ಲ ಗಾಯವಿಲ್ಲದೆ ಮನೆ ಸೇರಿದರೆ ಆ ದಿನ ನಾವೂ ಗೆದ್ದೆವು ಎಂದು ತಿಳಿಯಿರಿ. ಬರುವ ಭಾನುವಾರ ಆಟಕ್ಕೆ ಹೋಗಿ, ಮುಗಿದ ಮೇಲೆ ಎರಡೂ ಕಡೆಯವರಿಗೆ ಚಪ್ಪಾಳೆ ತಟ್ಟಿ ಬನ್ನಿ.