ಹದಿನಾರನೇ ಕಿಲೋಮೀಟರಿನ ನೀರು

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಹಫೀಜನಿಗೆ ಓಟದ ಮೇಲೆ ಸಿಟ್ಟಿರಲಿಲ್ಲ. ಓಡುವವರು ಓಡಲಿ, ಯಾರಪ್ಪನ ಗಂಟೇನು ಹೋಗುತ್ತದೆ. ಅವನ ಸಿಟ್ಟೆಲ್ಲ ಓಡಿ ಬಂದ ಮೇಲೆ ಶುರುವಾಗುವ ಮಾತಿನ ಮೇಲೆ. ಅವನ ಜೀವದ ಗೆಳೆಯ ಸೂರ್ಯಕಾಂತ ಹೈಸ್ಕೂಲಿನ ಗಣಿತದ ಮಾಸ್ತರ, ದಪ್ಪ ಕನ್ನಡಕದವ. ಎರಡು ವರ್ಷದ ಹಿಂದೆ ಹೊಟ್ಟೆ ಕರಗಿಸಲೆಂದು ಓಡಲು ಹೊರಟವನು ಹೊಟ್ಟೆಯ ಜೊತೆಗೆ ಸ್ನೇಹವನ್ನೂ ಕರಗಿಸಿಕೊಂಡಿದ್ದ. ಇಪ್ಪತ್ತು ವರ್ಷ ಇಬ್ಬರೂ ಬೆಳಗಿನ ಚಹಾ ಕೂಡಿ ಕುಡಿದವರು. ಈಗ ಆ ಹೊತ್ತಿಗೆ ಮಾಸ್ತರರು ರಸ್ತೆಯ ಮೇಲೆ. ಸಂಜೆ ಅಂಗಡಿಗೆ ಬಂದರೆ ಕಿಲೋಮೀಟರಿಗೆ ಎಷ್ಟು ನಿಮಿಷ, ಎದೆ ಎಷ್ಟು ಸಲ ಬಡಿಯಿತು, ಬೂಟಿನ ಅಟ್ಟೆ ಎಷ್ಟು ದಪ್ಪ, ಇಷ್ಟೇ. ಹಫೀಜನ ಮನೆಯ ಸುದ್ದಿ ಕೇಳಲು ಅವನಲ್ಲಿ ಉಸಿರೇ ಉಳಿಯುತ್ತಿರಲಿಲ್ಲ.

ಬುದ್ಧಿ ಬರಲಿ ಎಂದು ಸೂರ್ಯಕಾಂತನೇ ಗೆಳೆಯನನ್ನು ಓಟಗಾರರ ವಾಟ್ಸಾಪ್ ಗುಂಪಿಗೆ ಸೇರಿಸಿದ. ಅದು ಗುಂಪಿಗೇ ಮುಳುವಾಯಿತು. ಹಫೀಜ ದಿನಕ್ಕೊಂದು ದನಿ ಸಂದೇಶ ಬಿಡತೊಡಗಿದ. ದುಡ್ಡು ಕಟ್ಟಿ ಓಡಿದವರಿಗೆಲ್ಲ ಪದಕ ಕೊಡುವುದಾದರೆ, ಟಿಕೆಟ್ ತೆಗೆಸಿ ತನ್ನೂರಲ್ಲೇ ಬಸ್ಸಿಳಿದವನಿಗೂ ಒಂದು ಕೊಡಬೇಕು ಎಂದ. ಮೊಣಕಾಲು ನೋಯುತ್ತಿದ್ದರೂ ಕುಂಟುತ್ತ ಓಡಿದವನ ಫೋಟೋಕ್ಕೆ ಶೂರ, ಧೀರ ಎಂದು ಬರೆಯಬೇಡಿ, ಅವನನ್ನು ಡಾಕ್ಟರರ ಹತ್ತಿರ ಕಳಿಸಿ ಎಂದ. ಮೂವತ್ತು ವರ್ಷ ಗಡಿಯಾರ ಬಿಚ್ಚಿದ್ದೇನೆ, ಒಂದರೊಳಗೂ ಉಸಿರು ಸಿಕ್ಕಿಲ್ಲ, ದಣಿವಾಯಿತೋ ಇಲ್ಲವೋ ಎಂದು ಕೈಗಡಿಯಾರವನ್ನೇನು ಕೇಳುತ್ತೀರಿ ಎಂದೂ ಅಂದ. ಇವಿಷ್ಟನ್ನೂ ಜನ ಹೇಗೋ ಸಹಿಸಿದರು. ದಾರಿಯಲ್ಲಿ ಗುರುತಿನವರು ಮಾತಾಡಿಸಿದರೆ ನಿಂತು ಉತ್ತರ ಕೊಡದವನು ಎಷ್ಟು ಬೇಗ ಓಡಿದರೇನು ಎಂದ ದಿನ ಮಾತ್ರ ಗುಂಪು ಹೊತ್ತಿ ಉರಿಯಿತು.

ಆ ಸಂಜೆ ಸೂರ್ಯಕಾಂತ ನೇರ ಅಂಗಡಿಗೆ ಬಂದ.

"ಒಮ್ಮಿನೂ ಓಡದವ ಮಾತಾಡಬಾರದಲೇ ಹಫೀಜಾ. ಜನವರಿಯಾಗ ಭೀಮಾ ನದಿ ತನಕ ಓಟ ಅದ, ಇಪ್ಪತ್ತೊಂದು ಕಿಲೋಮೀಟರ್. ಆರಕ್ಕ ಶುರು. ಒಂಬತ್ತರೊಳಗ ಬಂದು ಮುಟ್ಟು, ಆಮ್ಯಾಲ ಮಾತಾಡು."

"ಮುಟ್ಟಿದ್ರ ಏನ್ ಕೊಡ್ತಿ?"

"ಏನ್ ಬೇಕು?"

"ಮುಂಜಾನಿ ಚಾ," ಎಂದ ಹಫೀಜ. "ದಿನಾಲೂ. ಮೊದಲಿನಂಗ."

ಮುಟ್ಟದಿದ್ದರೆ ಹಫೀಜ ಗುಂಪು ಬಿಟ್ಟು, ಓಟದ ಬಗ್ಗೆ ಜನ್ಮದಲ್ಲಿ ತುಟಿ ಬಿಚ್ಚಬಾರದು ಎಂದು ಮಾತಾಯಿತು. ಹೆಂಡತಿ ನಜಮುನ್ನಿಸಾ ಇದನ್ನು ಕೇಳಿ, ಐವತ್ತು ದಾಟಿದವನಿಗೆ ಈ ಹುಚ್ಚೇಕೆ ಎಂದು ಅರ್ಧ ದಿನ ನಕ್ಕಳು. ಉಳಿದರ್ಧ ದಿನ ಅವನ ಹಳೆಯ ಬೂಟಿನ ಲಾಡಿ ತೊಳೆದಳು. ಎರಡು ತಿಂಗಳು ಹಫೀಜ ಯಾರಿಗೂ ಕಾಣದಂತೆ ಈದ್ಗಾದ ಹಿಂದಿನ ಹೊಲದ ದಾರಿಯಲ್ಲಿ ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡಿದ. ತಂಪು ಗಾಳಿಯಲ್ಲಿ ಮೈ ಹಗುರಾಗಿ ಅವನಿಗೆ ಭಾರಿ ಖುಷಿಯಾಗುತ್ತಿತ್ತು. ಅದನ್ನು ಸೂರ್ಯಕಾಂತನಿಗೆ ಸತ್ತರೂ ಹೇಳಬಾರದೆಂದು ನಿರ್ಧರಿಸಿದ.

ಓಟದ ದಿನ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು ಕೊಟ್ಟರು. ಯಾವ ಪುಣ್ಯಾತ್ಮ ಆರಿಸಿದನೋ, ಕಡುಗೇಸರಿ. ಅದೇ ಎಡವಟ್ಟಾಯಿತು. ಸಂಘಟಕರು ದಾರಿಯ ಊರುಗಳಿಗೆ ಹೇಳಿ ಕಳಿಸಿದ್ದು ಇಷ್ಟೇ: ಓಡುವವರು ಬರುತ್ತಾರೆ, ನೀರಿನ ವ್ಯವಸ್ಥೆ ಮಾಡಿ. ಆ ದಾರಿಯಲ್ಲಿ ಪ್ರತಿ ವರ್ಷ ಗಾಣಗಾಪುರಕ್ಕೆ ಪಾದಯಾತ್ರಿಗಳು ಹೋಗುತ್ತಾರೆ. ಹಳ್ಳಿಯವರಿಗೆ ಗೊತ್ತಿದ್ದ ವ್ಯವಸ್ಥೆ ಪಾದಯಾತ್ರಿಗಳಿಗೆ ಮಾಡುವ ವ್ಯವಸ್ಥೆ. ಕೇಸರಿ ಅಂಗಿ ಕಂಡ ಮೇಲಂತೂ ಅನುಮಾನವೇ ಉಳಿಯಲಿಲ್ಲ.

ಐದನೇ ಕಿಲೋಮೀಟರಿನಲ್ಲಿ ಚಾಪೆ ಹಾಸಿ ಮಂಡಕ್ಕಿ ಸೂಸಲಾ, ಮಿರ್ಚಿ ಇಟ್ಟಿದ್ದರು. ಒಂಬತ್ತರಲ್ಲಿ ಝುಣಕ, ರೊಟ್ಟಿ. ಹನ್ನೆರಡರಲ್ಲಿ ಒಬ್ಬ ರೈತ ಎಳೆ ಜೋಳದ ತೆನೆ ಬೆಂಕಿಗಿಟ್ಟು ಬಡಿದು, ಹಸಿರು ಸೀತನಿಯನ್ನು ಬೊಗಸೆಯಲ್ಲಿ ಹಿಡಿದು ಓಡುವವರ ಹಿಂದೆಯೇ ಓಡುತ್ತಿದ್ದ. ಮೈಕಿನಲ್ಲಿ ಯಾರೋ, ಅವಸರ ಮಾಡಬ್ಯಾಡ್ರಿ, ಉಂಡು ಹೋಗ್ರಿ ಎಂದು ಕೈಮುಗಿದು ಕೇಳುತ್ತಿದ್ದರು. ಮುಂದಿನ ಓಟಗಾರರು ಕೈಯಾಡಿಸಿ ತಪ್ಪಿಸಿಕೊಂಡರು. ಹಫೀಜನಿಗೆ ಕೂತು ಉಣ್ಣಬೇಕೆನಿಸಿತು. ಆದರೆ ಚಹಾದ ನೆನಪು ಮಾಡಿಕೊಂಡು, ನಿಲ್ಲದೆ ಬರೀ ಒಂದು ಹಿಡಿ ಸೀತನಿ ಬಾಯಿಗೆ ಹಾಕಿಕೊಂಡು ಮುಂದೆ ಹೋದ.

ಹದಿನಾರನೇ ಕಿಲೋಮೀಟರಿಗೆ ಬಂದಾಗ ಎಂಟೂಕಾಲಿನ ಸರ್ಕಾರಿ ಬಸ್ಸು ಇನ್ನೂ ದಾಟಿರಲಿಲ್ಲ. ಇನ್ನು ಐದೇ ಕಿಲೋಮೀಟರು, ಕೈಯಲ್ಲಿ ಮುಕ್ಕಾಲು ತಾಸು. ಗೆದ್ದೆ ಎಂದುಕೊಂಡ. ಅಲ್ಲಿ ಊರ ಹೊರಗಿನ ಓಣಿಯ ಮುಂದೆ, ಬೇವಿನ ಮರದಡಿ ಗಂಗುಬಾಯಿ ಒಬ್ಬಳೇ ಕೂತಿದ್ದಳು. ಅವಳ ಮಗ ಜೈಭೀಮ ಹಿಂದೊಮ್ಮೆ ಗಡಿಯಾರ ರಿಪೇರಿಗೆ ಬಂದಾಗ ಅವಳೂ ಜೊತೆಗಿದ್ದಳು, ಹಾಗಾಗಿ ಹಫೀಜನಿಗೆ ಗುರುತು. ಮುಂದೆ ಕುಡಿಯುವ ನೀರಿನ ಕೊಡ, ಕಾಲಿಗೆಂದು ಕಾಸಿದ ನೀರಿನ ಹಂಡೆ, ಬಟ್ಟಲಲ್ಲಿ ಎಣ್ಣೆ. ಯಾವುದೂ ಖರ್ಚಾಗಿರಲಿಲ್ಲ.

ಮೊಟ್ಟಮೊದಲು ಮಾಸ್ತರನ ಹಾಗೆ ಕಾಣುವ ಒಬ್ಬ ಕನ್ನಡಕದವ ಬಂದನಂತೆ. ಇವಳು ಚೆಂಬು ಹಿಡಿದು ಅಡ್ಡ ನಿಂತು ಕರೆದಳಂತೆ. ಅವನು ಕೈಗಡಿಯಾರ ನೋಡಿಕೊಳ್ಳುತ್ತ, ಅವಳ ಕಡೆ ಕಣ್ಣೆತ್ತದೆ ಸುತ್ತು ಹಾಕಿ ದಾಟಿದನಂತೆ. ಹಿಂದಿನವರೂ ಹಾಗೇ.

"ಅರವತ್ತು ಮಂದಿ ಹೋದ್ರು ತಮ್ಮಾ," ಎಂದಳು ಗಂಗುಬಾಯಿ. "ಒಬ್ಬರೂ ನಿಂದರಲಿಲ್ಲ. ನಮ್ಮ ಓಣಿಯವರ ಕೈಯಾನ ನೀರಂತ ಬಿಟ್ಟು ಹೋದ್ರೇನು?"

 ಅಲ್ಲ ಆಯಿ, ಅವರಿಗೆ ಟೈಮಿಂದು ಹುಚ್ಚು ಎಂದು ಹಫೀಜ ಹೇಳಬಹುದಿತ್ತು. ಹೇಳಿ ತಾನೂ ಓಡಿದರೆ ಆ ಮಾತಿಗೇನು ಬೆಲೆ. ಆಗಲೇ ಎಂಟೂಕಾಲಿನ ಬಸ್ಸು ಧೂಳೆಬ್ಬಿಸಿ ದಾಟಿತು. ಅವನು ಬೂಟು ಬಿಚ್ಚಿದ.

"ಆಯಿ, ಕಾಲು ಭಾಳ ನೊಯ್ಯಾಕತ್ಯಾವ. ಜರಾ ನೀರು ಹಾಕ್ರಿ."

ಎರಡು ಚೆಂಬು ನೀರು ಕುಡಿದ. ಅವಳು ಬಿಸಿನೀರು ಸುರಿದಂತೆ ತಾನೇ ಕಾಲು ತೊಳೆದುಕೊಂಡು ಎಣ್ಣೆ ಹಚ್ಚಿಕೊಂಡ. ಮಗ ಎಲ್ಲಿ ಎಂದು ಕೇಳಿದ. ತೊಗರಿ ರಾಶಿಗೆ ಹೋಗಿದ್ದ ಮಗನ ಸುದ್ದಿ, ಸೊಸೆಯ ಸುದ್ದಿ, ಕರು ಹಾಕಿದ ಎಮ್ಮೆಯ ಸುದ್ದಿ ಎಲ್ಲ ಕೇಳಿದ. ಅರ್ಧ ತಾಸು ಅಲ್ಲೇ ಕೂತ. ಚಹಾ ಹೋಯಿತಲ್ಲ ಎಂದು ನಡುನಡುವೆ ರಸ್ತೆಯ ಕಡೆ ನೋಡುತ್ತಲೇ ಇದ್ದ, ಸುಳ್ಳೇಕೆ ಹೇಳಬೇಕು.

ಅವನು ನದಿ ಮುಟ್ಟಿದಾಗ ಒಂಬತ್ತೂವರೆಯಾಗಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಸೂರ್ಯಕಾಂತ ಮಾತ್ರ ಕುತ್ತಿಗೆಗೆ ಪದಕ ಹಾಕಿಕೊಂಡು ಕಾದು ನಿಂತಿದ್ದ. ಒಂದು ತಾಸು ಐವತ್ತೊಂಬತ್ತು ನಿಮಿಷದಲ್ಲಿ ಮುಟ್ಟಿದ್ದನ್ನು ಮೂರು ಸಲ ಹೇಳಿದ. ನಾಲ್ಕನೇ ಸಲ ಶುರು ಮಾಡುವಷ್ಟರಲ್ಲಿ, ಸೋತೆಯಲ್ಲೋ, ಎಲ್ಲಿ ಕೂತಿದ್ದಿ ಎಂದು ನೆನಪಾಗಿ ಕೇಳಿದ.

"ಹದಿನಾರನೇ ಕಿಲೋಮೀಟರಿನ್ಯಾಗ ಒಬ್ಬಾಕಿ ಆಯಿ ಚೆಂಬು ಹಿಡ್ಕೊಂಡು ನಿಂತಿದ್ಲಲ್ಲ, ನೋಡಿದ್ಯಾ? ಆಕಿ ಕೈಯಾನ ನೀರು ಮುಟ್ಟಬಾರದಂತ ನೀ ಸುತ್ತು ಹಾಕಿ ಹೋದಿ ಅಂತ ತಿಳ್ಕೊಂಡಾಳ."

ಸೂರ್ಯಕಾಂತನ ಮುಖ ಬಿಳಿಚಿತು. "ಏನಂತಿಯಲೇ. ನಾ ಹಂಗ ಮಾಡಾವೇನು? ಎರಡು ತಾಸಿನೊಳಗ ಮುಟ್ಟಬೇಕಿತ್ತು, ಅದಕ್ಕ."

"ಅದು ಆಕಿಗಿ ಹ್ಯಾಂಗ ಗೊತ್ತಾಗಬೇಕು?"

 ಮಾಸ್ತರ ಪದಕ ತೆಗೆದು ಕಿಸೆಗೆ ಹಾಕಿ, ಬಂದ ದಾರಿಯಲ್ಲೇ ತಿರುಗಿ ನಡೆಯತೊಡಗಿದ. ಅವನ ಮೀನಖಂಡ ಹಿಡಿದುಕೊಂಡಿತ್ತು, ಕುಂಟುತ್ತಿದ್ದ. ಹಫೀಜನ ಕಾಲಿಗೆ ಎಣ್ಣೆ ಬಿದ್ದಿದ್ದರಿಂದ ಅವನು ಮುಂದೆ ಮುಂದೆ. ಐದು ಕಿಲೋಮೀಟರಿಗೆ ಒಂದೂವರೆ ತಾಸು ಹಿಡಿಯಿತು.

ಗಂಗುಬಾಯಿ ಇನ್ನೂ ಮರದ ಕೆಳಗೇ ಇದ್ದಳು. ಸೂರ್ಯಕಾಂತ ಅವಳ ಮುಂದೆ ಹೋಗಿ ಕೈಮುಗಿದ. ಮೊದಲು ಓಡಿ ಹೋದವ ನಾನೇ ಎಂದ.

"ತಪ್ಪಾತು ಆಯಿ. ನೀರು ಕೊಡ್ರಿ."

ಅವಳು ಅವನನ್ನು ಮೇಲಿಂದ ಕೆಳತನಕ ನೋಡಿದಳು. ಕೊಡದಿಂದ ಚೆಂಬು ತುಂಬಿ ಕೊಟ್ಟಳು. ಅವನು ಗಟಗಟ ಕುಡಿದು ಇನ್ನೊಂದು ಕೇಳಿದ. ಆಗ ಅವಳ ಮುಖ ಸಡಿಲಾಯಿತು. ಹಂಡೆಯಲ್ಲಿ ಕೈಯಾಡಿಸಿ ನೋಡಿದಳು.

"ಕಾಲಿಗಿ ಹಾಕೋ ನೀರು ತಣ್ಣಗಾಗ್ಯಾವ ನೋಡ್ರಿ. ಮತ್ತ ಕಾಸಬೇಕು, ಹೊತ್ತಾಗ್ತದ. ನಿಮಗ ಅವಸರ ಇರ್ತದ."

"ಏನೂ ಅವಸರ ಇಲ್ಲ ಆಯಿ," ಎಂದ ಸೂರ್ಯಕಾಂತ. "ಕಾಸ್ರಿ. ಕೂಡ್ತೇವಿ."

ಅವಳು ಒಲೆ ಹೊತ್ತಿಸಲು ಹೋದಳು. ಸೂರ್ಯಕಾಂತ ಮರದ ಬುಡದಲ್ಲಿ ಕಾಲು ಚಾಚಿ ಕೂತು, ಎರಡು ವರ್ಷದಲ್ಲಿ ಮೊದಲ ಸಲ, "ಮತ್ತ ಹಫೀಜಾ, ಮನ್ಯಾಗ ಏನ್ ಸುದ್ದಿ?" ಎಂದು ಕೇಳಿದ.   ಹಫೀಜ ಬೂಟು ಬಿಚ್ಚಿಟ್ಟು ಅವನ ಪಕ್ಕ ಕೂತು, ಹಂಡೆಯ ನೀರು ಕುದಿಯುವ ತನಕ ಒಂದನ್ನೂ ಬಿಡದೆ ಹೇಳಿದ.