ಕ್ಯಾಮೆರಾ ಇಲ್ಲದೆ ಬಂದ ಅತಿಥಿ

ಬೇಸಿಗೆ ರಜೆಯಲ್ಲಿ ನಮ್ಮೂರಿಗೆ ಹಕ್ಕಿ ನೋಡಲು ಬರುವವರೆಲ್ಲ ಒಂದೇ ಥರ. ಮೂರು ನಾಲ್ಕು ಜನ ಸೇರಿ ಬರುತ್ತಾರೆ, ಬೆನ್ನ ಮೇಲೆ ದೊಡ್ಡ ಚೀಲ, ಕುತ್ತಿಗೆಯಲ್ಲಿ ಕ್ಯಾಮೆರಾ. ಗದ್ದೆಯಂಚಿನ ಬಿದಿರ ಬೆಂಚಿನ ಮೇಲೆ ಕೂತು ದೊಡ್ಡ ಮರದ ಪೊಟರೆಯ ಕಡೆ ನೋಡುತ್ತಾರೆ. ಕಟಾಲ ಕಂಡರೆ ಕಿರುಚುತ್ತಾರೆ, ಎಳನೀರು ಕುಡಿಯುತ್ತಾರೆ, ಎರಡನೆಯ ದಿನ ಬಸ್ಸು ಹತ್ತುತ್ತಾರೆ. ಕಟಾಲ ಅಂದರೆ ನಮ್ಮ ಪಲವಾನ್ ದ್ವೀಪದ ಬಿಳಿ ಕಾಕಟೂ ಗಿಣಿ. ಬಾಲದ ಬುಡದಲ್ಲಿ ಕೆಂಪು, ಬಾಯಿ ಬಿಟ್ಟರೆ ಜಗಳಗಂಟಿ. ಈಗ ಎಣಿಸಿದಷ್ಟೇ ಉಳಿದಿವೆ.

ಅನಾಕ್ಲೆತೋ ಸರ್ ಹಾಗೆ ಬರಲಿಲ್ಲ. ಏಪ್ರಿಲ್‌ನ ಒಂದು ಶನಿವಾರ ಒಬ್ಬರೇ ಬಂದರು. ಇಲೋಯಿಲೋ ಪಟ್ಟಣದ ನಿವೃತ್ತ ವಿಜ್ಞಾನದ ಮೇಷ್ಟ್ರು. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ನಮ್ಮ ಹಿಂಬದಿಯ ಕೋಣೆ ಹತ್ತು ದಿನಕ್ಕೆ ಬೇಕು ಅಂದರು. ಕೈಯಲ್ಲಿ ಹಳೆಯ ದುರ್ಬೀನು, ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು. ಕ್ಯಾಮೆರಾ ಇಲ್ಲ.

“ಫೋಟೋ ತೆಗೆಯಲ್ವಾ ಸರ್?” ಅಂತ ಕಾಫಿ ಕೊಡುತ್ತಾ ಕೇಳಿದೆ.

“ಇಲ್ಲ ಇಂದೈ. ಸುಮ್ನೆ ನೋಡ್ತೀನಿ,” ಅಂದರು. ಇಂದೈ ಅನ್ನುವುದು ಅವರ ಕಡೆ ಕಿರಿಯ ಹೆಂಗಸರನ್ನು ಕರೆಯುವ ಮಾತು. ನನಗೆ ಐವತ್ತಮೂರು ವರ್ಷ, ಕೇಳಲು ಹಿತವಾಗೇ ಇತ್ತು. ಆದರೆ ಅವರ ಮುಂದಿನ ಮಾತು ಹಿತವಾಗಿರಲಿಲ್ಲ. “ಗೂಡಲ್ಲಿ ಎಷ್ಟು ಮರಿ ಇವೆ? ನಿಮ್ಮ ಯಜಮಾನ್ರು ಮರದ ಹತ್ರ ಎಷ್ಟು ಹೊತ್ತಿಗೆ ಹೋಗ್ತಾರೆ? ಅದನ್ನ ಹತ್ತೋದು ಯಾವ ಕಡೆಯಿಂದ?”

ಹಕ್ಕಿ ನೋಡುವವರು ಯಾರೂ ಮರ ಹತ್ತುವ ದಾರಿ ಕೇಳುವುದಿಲ್ಲ. ಅದನ್ನು ಕೇಳುವ ಜನ ಬೇರೆ. ಅವರನ್ನು ನಾನು ಚೆನ್ನಾಗಿ ಬಲ್ಲೆ, ಯಾಕೆಂದರೆ ಅಂಥ ಒಬ್ಬನನ್ನೇ ನಾನು ಮದುವೆಯಾಗಿದ್ದು.

ನನ್ನ ಗಂಡ ದೊಲ್ಫೋ ಒಂದು ಕಾಲಕ್ಕೆ ಮರ ಹತ್ತುವುದರಲ್ಲಿ ಈ ಸೀಮೆಯಲ್ಲೇ ಗಟ್ಟಿಗ. ಪೊಟರೆಗೆ ಕೈ ಹಾಕಿ ಕಟಾಲ ಮರಿ ತೆಗೆದು ಬಂದರಿನಲ್ಲಿ ಮಾರುತ್ತಿದ್ದ. ಒಮ್ಮೆ ಪೊಲೀಸರು ಹಿಡಿದು ಮೂರು ದಿನ ಒಳಗಿಟ್ಟರು. ಬಿಡಿಸಿಕೊಂಡು ಬಂದ ದಿನ ನಾನು ಬಾಗಿಲಲ್ಲೇ ನಿಂತು, “ಇನ್ನೊಂದು ಮರಿ ಈ ಹೊಸಿಲು ದಾಟಿದ್ರೆ ನಾನು ಈ ಮನೆಯಿಂದ ಆಚೆ. ನೆನಪಿರ್ಲಿ,” ಅಂದಿದ್ದೆ. ಆಮೇಲೆ ಹಕ್ಕಿ ಕಾಯುವ ಸಂಘದವರು ಬಂದು, ಹತ್ತಲು ಬಲ್ಲವನೇ ಕಾಯಲಿ ಎಂದು ಅವನನ್ನೇ ಕಾವಲಿಗೆ ಹಾಕಿಕೊಂಡರು. ಅದಾಗಿ ಏಳು ವರ್ಷ. ಆದರೂ ಊರಲ್ಲಿ ಯಾರ ಮನೆ ಕೋಳಿ ಕಾಣೆಯಾದರೂ ಜನ ಮೊದಲು ನಮ್ಮ ಮನೆ ಕಡೆ ಕತ್ತು ತಿರುಗಿಸುತ್ತಾರೆ.

ಅದಕ್ಕೇ ಸರ್ ಮೇಲೆ ಒಂದು ಕಣ್ಣಿಟ್ಟೆ. ಬೆಳಿಗ್ಗೆ ಆರಕ್ಕೆ ಹೊರಟು ಬೆಂಚಿನ ಮೇಲೆ ಕೂರುತ್ತಿದ್ದರು. ಹಕ್ಕಿ ಬಂದಾಗ ಬರೆಯುತ್ತಿರಲಿಲ್ಲ, ದೊಲ್ಫೋ ಮರದ ಬುಡಕ್ಕೆ ಹೋದಾಗ ಬರೆಯುತ್ತಿದ್ದರು. ನಾನು ಹತ್ತಿರ ಹೋದರೆ ಪುಸ್ತಕ ಮುಚ್ಚುತ್ತಿದ್ದರು.

“ಆ ಮುದುಕನ ಹತ್ರ ಹುಷಾರಾಗಿರು,” ಅಂತ ಗಂಡನಿಗೆ ಹೇಳಿದೆ.

“ಒಳ್ಳೆ ಮನುಷ್ಯ,” ಅಂದ ದೊಲ್ಫೋ. ಅವನ ಮಾತೇ ಅಷ್ಟು. ದಿನಕ್ಕೆ ಇಪ್ಪತ್ತು ಪದ ಆಡಿದರೆ ಹೆಚ್ಚು.

ಮಂಗಳವಾರದಿಂದ ಇಬ್ಬರೂ ತುಂಬಾ ಹತ್ತಿರವಾದರು. ಮಾವಿನ ಮರದ ಕೆಳಗೆ ಕೂತು ಗುಸುಗುಸು. ನಾನು ಒಣಮೀನಿನ ತಟ್ಟೆ ಹಿಡಿದು ಬಂದರೆ ಮಾತು ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಸರ್ ಬಿಸಿಲಿನ ವಿಷಯ ಎತ್ತುತ್ತಿದ್ದರು.

ಗುರುವಾರ ಬೆಳಿಗ್ಗೆ ನಾನೇ ಬೆಂಚಿಗೆ ಹೋದೆ. ಪಕ್ಕದ ಮನೆಯ ಮನಾಂಗ್ ಸಿದ್ರಾ ಆಗಲೇ ಬಂದು ಕೂತಿದ್ದಳು. ಮನಾಂಗ್ ಅಂದರೆ ಅಕ್ಕ. ಅಕ್ಕ ಅಂದ ಮೇಲೆ ಅವಳ ಬಾಯಿಗೆ ಅಡ್ಡ ಹಾಕುವ ಹಾಗಿಲ್ಲ. ತಾಯಿ ಹಕ್ಕಿ ತುತ್ತು ತಂದು ಪೊಟರೆಯ ಅಂಚಿನಲ್ಲಿ ಕೂತಿತು. ಒಳಗಿಂದ ಒಂದು ಪುಟ್ಟ ತಲೆ ಹೊರಬಂತು. ಇನ್ನೊಂದಕ್ಕೆ ಕಾದೆ. ಹಿಂದಿನ ವಾರವೆಲ್ಲ ಎರಡು ತಲೆಗಳು ಒಂದನ್ನೊಂದು ನೂಕಾಡುತ್ತಿದ್ದವು. ಈಗ ಒಂದೇ.

“ಒಂದು ಕಮ್ಮಿ ಇದೆಯಲ್ಲೇ ಪೆಮಿಂಗ್,” ಅಂದಳು ಸಿದ್ರಾ. ಧ್ವನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. “ನಿನ್ ಗಂಡ ಏನಂತಾನೆ? ನಮ್ಮ ಸೊಸೆ ಔಷಧಿ ಅಂಗಡೀಲಿ ಕೆಲಸ ಮಾಡ್ತಾಳಲ್ಲ, ನಿಮ್ಮ ಅತಿಥಿ ನಿನ್ನೆ ಬಂದು ಸೂಜಿ ಇಲ್ಲದ ಸಿರಿಂಜು ತಗೊಂಡ್ನಂತೆ. ಕೂಸಿಗೆ ತಿನ್ನಿಸೋ ಪುಡಿ ಬೇರೆ. ಈ ವಯಸ್ಸಲ್ಲಿ ಯಾವ ಕೂಸು ಹುಟ್ಟಿತೋ ಪಾಪ!”

ನಾನು ನಗಲಿಲ್ಲ. ನೇರ ದೊಲ್ಫೋ ಹತ್ತಿರ ಹೋಗಿ, “ಎರಡನೇ ಮರಿ ಎಲ್ಲಿ?” ಅಂದೆ.

“ಒಳಗೆ ಮಲಗಿರುತ್ತೆ. ಈ ಬಿಸಿಲಿಗೆ ಮರಿಗಳು ಹೆಚ್ಚು ಹೊತ್ತು ಮಲಗ್ತವೆ. ಹೋದ ವರ್ಷಾನೂ ಹೀಗೇ ಮಾಡ್ತಿದ್ವು. ಒಂದು ಮೇಲೆ ಬಂದ್ರೆ ಇನ್ನೊಂದು ಕೆಳಗಿರುತ್ತೆ, ಪೊಟರೆ ಆಳ ಇದೆ ನೋಡು, ನಿಂಗೆ ಬೆಂಚಿಂದ ಕಾಣಲ್ಲ,” ಅಂದ.

ಅಷ್ಟುದ್ದ ಮಾತು ಅವನ ಬಾಯಿಂದ ಬಂದದ್ದು ನಮ್ಮ ಮದುವೆಯಾದ ಮೇಲೆ ಎರಡೋ ಮೂರೋ ಸಲ. ಪ್ರತಿ ಸಲವೂ ಅದು ಸುಳ್ಳಾಗಿತ್ತು.

ಮಧ್ಯಾಹ್ನ ಬಟ್ಟೆ ಒಗೆಯಲು ಕೂತೆ. ಅವನ ನಿನ್ನೆಯ ಅಂಗಿ ಬುಟ್ಟಿಯ ತಳದಲ್ಲಿತ್ತು, ಬೇಕೆಂದೇ ಮುದುರಿ ಇಟ್ಟ ಹಾಗೆ. ಎದೆಯ ಮೇಲೆಲ್ಲ ಮರದ ಅಂಟು, ತೋಳಿನಲ್ಲಿ ತೊಗಟೆಯ ಪುಡಿ. ಹತ್ತಿದ್ದಾನೆ. ಹಕ್ಕಿ ಸಂಘ ನಡೆಸುವ ಮೇಡಂ ಇಲ್ಲದೆ ಒಬ್ಬನೇ ಹತ್ತಬಾರದು ಅಂತ ಅವರ ಕಟ್ಟುನಿಟ್ಟು ನಿಯಮ. ಗೊತ್ತಿದ್ದೂ ಹತ್ತಿದ್ದಾನೆ.

ಅಲ್ಲಿಯವರೆಗೆ ನಾನು ಆ ಮುದುಕನನ್ನು ಅನುಮಾನಿಸುತ್ತಿದ್ದೆ. ಅದರಲ್ಲಿ ಒಂಥರಾ ಹುಮ್ಮಸ್ಸೂ ಇತ್ತು, ಸುಳ್ಳೇಕೆ ಹೇಳಲಿ. ಈಗ ಒಂದಕ್ಕೊಂದು ತಾಳೆಯಾಯಿತು. ಮೇಷ್ಟ್ರು ಕೊಳ್ಳುವವರು, ದೊಲ್ಫೋ ತೆಗೆದುಕೊಡುವವನು. ಹಳೆಯ ಕಸುಬು, ಹೊಸ ಗಿರಾಕಿ. ಏಳು ವರ್ಷ ನಾನು ಊರಿನವರ ಮುಂದೆ ಅವನ ಪರವಾಗಿ ಜಗಳವಾಡಿದ್ದೆಲ್ಲ ಕಣ್ಣ ಮುಂದೆ ಬಂತು. ಬೇಲಿಯ ಆಚೆ ಸಿದ್ರಾಳ ಚಪ್ಪಲಿ ಸದ್ದಾಯಿತು. ನನ್ನ ಕೈ ತಾನಾಗಿಯೇ ಆ ಅಂಗಿಯನ್ನು ಸೋಪಿನ ನೀರಿನೊಳಗೆ ಒತ್ತಿ ಹಿಡಿಯಿತು. ಅವಳು ದಾಟಿ ಹೋಗುವವರೆಗೂ ಬಿಡಲಿಲ್ಲ. ಅಂಟು ಹೋಗುವ ತನಕ ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ, ನಾನೂ ಅವನ ಜೊತೆ ಸೇರಿದೆನಲ್ಲ ಅಂತ ಅಳು ಬಂತು.

ಬಟ್ಟೆ ಹರವಿ ಒಳಗೆ ಬಂದೆ. ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಹಿಂಬದಿ ಕೋಣೆಯ ಬಾಗಿಲು ಮುಚ್ಚಿತ್ತು, ಕಿಟಕಿಯೂ ಮುಚ್ಚಿತ್ತು. ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡು ಯಾರು ಕೂರುತ್ತಾರೆ? ಕಿವಿ ಇಟ್ಟು ನಿಂತೆ. ಒಳಗಿಂದ ಒಂದು ಸದ್ದು. ತುಕ್ಕು ಹಿಡಿದ ಬಾಗಿಲನ್ನು ಎಳೆದೆಳೆದು ತೆಗೆದ ಹಾಗೆ, ಬಿಟ್ಟೂ ಬಿಟ್ಟೂ. ಆ ಸದ್ದನ್ನು ನಾನು ಮರೆಯುವುದು ಹೇಗೆ? ಹಸಿದ ಕಟಾಲ ಮರಿ.

ಬಾಗಿಲು ನೂಕಿದೆ.

ದೊಲ್ಫೋ ನೆಲದ ಮೇಲೆ ಕೂತು ಟವೆಲಿನಲ್ಲಿ ಸುತ್ತಿದ ಮರಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಸರ್ ಎದುರಿಗೆ ಕೂತು ಸಿರಿಂಜಿನಿಂದ ಅದರ ಕೊಕ್ಕಿಗೆ ಗಂಜಿ ಹನಿಸುತ್ತಿದ್ದರು. ಅವರ ಕೈ ನಡುಗಿ ಅರ್ಧ ಗಂಜಿ ದೊಲ್ಫೋನ ಮೊಣಕಾಲ ಮೇಲಿತ್ತು.

“ಯಾವ ಹಡಗಿಗೆ ಕಳಿಸ್ತಿದೀರಿ?” ಅಂದೆ.

“ಪೆಮಿಂಗ್, ಕೂಗ್ಬೇಡ,” ಅಂದ ದೊಲ್ಫೋ.

“ಕೂಗ್ತೀನಿ. ಊರಿಗೆಲ್ಲ ಕೇಳ್ಲಿ. ಹೊಸಿಲು ದಾಟಿಸ್ಬೇಡ ಅಂದಿದ್ನೋ ಇಲ್ವೋ?”

“ಅದಕ್ಕೇ ನಿಂಗೆ ಹೇಳ್ಲಿಲ್ಲ.”

ಟವೆಲನ್ನು ಸ್ವಲ್ಪ ಸರಿಸಿ ತೋರಿಸಿದ. ಏಳು ವಾರದ ಮರಿ ಮೂರು ವಾರದ್ದರ ಹಾಗಿತ್ತು. ಎದೆಯ ಮೂಳೆ ಕತ್ತಿಯಂತೆ ಎದ್ದಿತ್ತು. “ಗಂಡು ಹಕ್ಕಿ ಹತ್ತು ದಿನದಿಂದ ಬಂದಿಲ್ಲ. ಮಳೆ ಇಲ್ಲ, ಕಾಡಲ್ಲಿ ಹಣ್ಣಿಲ್ಲ. ತಾಯಿ ತಂದದ್ದನ್ನ ದೊಡ್ಡದೇ ತಿಂತಿತ್ತು. ಇನ್ನೊಂದು ದಿನ ಬಿಟ್ಟಿದ್ರೆ ಸತ್ತೋಗ್ತಿತ್ತು.”

“ಮೇಡಂಗೆ ಯಾಕೆ ಹೇಳ್ಲಿಲ್ಲ?”

“ದೊಲ್ಫೋ ಮರ ಹತ್ತಿದ, ಮರಿ ಕಾಣೆ. ಕೇಳಿದವರು ಏನಂತಾರೆ? ನೀನೇ ಏನಂದೆ ಈಗ?”

ಸಿಟ್ಟೆಲ್ಲ ಸರ್ ಕಡೆ ತಿರುಗಿತು. ಹಾಸಿಗೆಯ ಮೇಲಿದ್ದ ನೋಟ್‌ಬುಕ್ಕನ್ನು ಕಸಿದು ತೆರೆದೆ. ಅದರಲ್ಲಿ ಹಕ್ಕಿಯ ಸುದ್ದಿಯೇ ಇರಲಿಲ್ಲ. ‘ಆರು ಹತ್ತು, ತೆಯೊದುಲ್ಫೋ ಮರದ ಬುಡಕ್ಕೆ. ಆರು ನಲವತ್ತು, ಬರಿಗೈಲಿ ವಾಪಸ್. ಸಂಜೆ ಐದು, ಚೀಲ ಇತ್ತು, ಒಳಗೇನೋ ಗೊತ್ತಾಗಲಿಲ್ಲ.’ ದೊಲ್ಫೋನ ಪೂರ್ತಿ ಹೆಸರು ಹಾಕಿ, ಪುಟ ಪುಟವೂ ನನ್ನ ಗಂಡನದೇ ಓಡಾಟ.

“ಇದೇನ್ ಸರ್ ಇದು?”

ಮೇಷ್ಟ್ರು ಸಿರಿಂಜನ್ನು ಬಟ್ಟಲಿಗೆ ಇಟ್ಟರು. “ತಪ್ಪು ತಿಳ್ಕೋಬೇಡಿ ಇಂದೈ. ಹದಿನಾಲ್ಕು ವರ್ಷದ ಹಿಂದೆ ನಾನೇ ಬಂದರಲ್ಲಿ ಒಬ್ಬನ ಹತ್ರ ಕಟಾಲ ಮರಿ ತಗೊಂಡಿದ್ದೆ. ಮಕ್ಕಳಿಲ್ಲದ ಮನೆ, ಹೆಂಡ್ತಿಗೆ ಆಸೆ. ಕೈಯಾರೆ ತಿನ್ನಿಸಿ ಬೆಳೆಸಿದ್ವಿ. ಹನ್ನೆರಡು ವರ್ಷ ಪಂಜರದಲ್ಲೇ ಇತ್ತು. ಕೊನೆಕೊನೆಗೆ ತನ್ನ ಗರಿ ತಾನೇ ಕಿತ್ಕೊಂಡು ಬೋಳಾಗಿ ಸತ್ತೋಯ್ತು. ಅದನ್ನ ನೋಡಿದ ಮೇಲೆ ನಾನು ಮಾಡಿದ್ದೇನು ಅಂತ ಗೊತ್ತಾಯ್ತು. ಹಳೇ ಮರಿಗಳ್ಳನನ್ನೇ ಕಾವಲಿಗೆ ಹಾಕಿದಾರೆ ಅಂತ ಇಲ್ಲಿಂದ ಬಂದವರೊಬ್ಬರು ಹೇಳಿದ್ರು. ನಂಬಿಕೆ ಬರ್ಲಿಲ್ಲ. ಕಳ್ಳ ಕಳ್ಳನೇ ಅನ್ಕೊಂಡೇ ಬಂದೆ. ಕೈಗೆ ಸಿಕ್ಕಿಬಿದ್ರೆ ಸಂಘಕ್ಕೆ ಬರೆದು ಕಳಿಸೋಣ ಅಂತಿದ್ದೆ.”

“ಮೂರನೇ ದಿನ ಮುಖಕ್ಕೇ ಕೇಳಿದ್ರು,” ಅಂದ ದೊಲ್ಫೋ. “ಈಗ್ಲೂ ಕದೀತೀಯಾ ಅಂತ. ಮರಿ ಕಂಗಾಲಾಗಿದೆ, ನಿಮಗೆ ಸಾಕಿ ಗೊತ್ತಿದ್ರೆ ಸಹಾಯ ಮಾಡಿ ಅಂದೆ.”

ನನಗೆ ಹೆಚ್ಚು ನೋವಾದದ್ದು ಅಲ್ಲೇ. ತನ್ನನ್ನು ಕಳ್ಳ ಅಂದವನನ್ನು ಅವನು ನಂಬಿದ. ನನ್ನನ್ನು ನಂಬಲಿಲ್ಲ. ಆದರೆ ಅದನ್ನು ಯಾವ ಬಾಯಲ್ಲಿ ಕೇಳಲಿ? ಬಟ್ಟೆ ಒಗೆಯುವಾಗ ನಾನು ಅವನನ್ನು ಏನೆಂದುಕೊಂಡಿದ್ದೆ!

ಮರಿ ಮತ್ತೆ ಕಿರುಗುಟ್ಟಿತು. ನಾನು ಕೂತು ಸಿರಿಂಜು ತೆಗೆದುಕೊಂಡೆ. “ಸ್ವಲ್ಪ ಸರ್ಕೊಳ್ಳಿ ಸರ್, ನಿಮ್ಮ ಕೈ ನಡುಗುತ್ತೆ. ಕಿಟಕಿ ತೆಗೀರಿ ಮೊದ್ಲು, ಬೆಂದು ಸಾಯುತ್ತೆ ಅದು.” ಇಬ್ಬರೂ ಒಟ್ಟಿಗೆ ಕಿಟಕಿಗೆ ಎದ್ದರು. ಬಟ್ಟಲು ಖಾಲಿಯಾಗುವ ತನಕ ನಾನು ತಲೆ ಎತ್ತಲಿಲ್ಲ.

ಆಮೇಲೆ ಫೋನು ಹಿಡಿದು ಶಾಲೆಯ ದಿಣ್ಣೆಗೆ ಹೊರಟೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲೇ. ದೊಲ್ಫೋ ಅಂಗಳದವರೆಗೆ ಓಡಿ ಬಂದು, “ನಾಲ್ಕು ದಿನ ತಡಿ, ಮರಿ ಸ್ವಲ್ಪ ತುಂಬ್ಕೊಳ್ಲಿ,” ಅಂದ. “ನಾಲ್ಕು ದಿನದಲ್ಲಿ ನೀನು ಕಳ್ಳನಾಗಿರ್ತೀಯ,” ಅಂದೆ.

ದಿಣ್ಣೆಯ ಪಕ್ಕದ ಅಂಗಡಿಯಲ್ಲಿ ಸಿದ್ರಾ ಮತ್ತೆ ನಾಲ್ಕೈದು ಜನ ಕೂತಿದ್ದರು. ನಾನು ಬೇಕೆಂದೇ ಅವರ ಕಡೆ ಮುಖ ಮಾಡಿ ನಿಂತೆ.

“ಹಲೋ, ಎರ್ಲಿಂಡಾ ಮೇಡಂ? ನಾನು ದೊಲ್ಫೋ ಹೆಂಡ್ತಿ. ನನ್ ಗಂಡ ನಿಮ್ಮನ್ನ ಕೇಳ್ದೆ ಮರ ಹತ್ತಿ ಮರಿ ಇಳಿಸಿದಾನೆ. ಹೌದು, ಮನೇಲೇ ಇದೆ, ಬದುಕಿದೆ. ಹಸಿದು ಸಾಯ್ತಿತ್ತಂತೆ. ನೀವೇ ಬಂದು ನೋಡಿ. ಬಯ್ಯೋದಿದ್ರೆ ಎಲ್ಲರ ಮುಂದೆ ಬಯ್ರಿ.”

ಅಂಗಡಿಯಿಂದಲೇ ಸಿದ್ರಾ, “ಕಿವುಡಿಗೆ ಹೇಳಿದ ಹಾಗೆ ಕೂಗ್ತಿದೀಯಲ್ಲೇ,” ಅಂದಳು.

“ನಿಂಗೆ ಪೂರ್ತಿ ಕೇಳ್ಸಿತಾ ಮನಾಂಗ್? ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ.”

ಮರುದಿನ ಬೆಳಿಗ್ಗೆ ಸಂಘದ ಮೇಡಂ ಮೋಟಾರ್‌ಸೈಕಲ್ಲಿನಲ್ಲಿ ಬಂದರು. ಮರಿಯನ್ನು ತೂಗಿ ಹಲ್ಲು ಕಚ್ಚಿದರು. ಅಂಗಳದಲ್ಲಿ ಊರು ನೆರೆದಿತ್ತು. “ಇಳಿಸಿದ್ದು ಸರಿ. ಮುಚ್ಚಿಟ್ಟಿದ್ದು ತಪ್ಪು,” ಅಂತ ದೊಲ್ಫೋಗೆ ಜೋರಾಗಿಯೇ ಬೈದರು. ಎರಡು ತಿಂಗಳು ಮರ ಮುಟ್ಟಬಾರದು, ಕೆಳಗೆ ಕೂತು ಕಾಯಬೇಕು ಅಂದರು. ಅವನು ತಲೆ ತಗ್ಗಿಸಿ ನಿಂತಿದ್ದ. ಮರಿ ತಿನ್ನಿಸುವ ಜವಾಬ್ದಾರಿ ನನಗೂ ಸರ್‌ಗೂ ಬಂತು. ಸರ್ ಗಂಜಿಯ ಹದ, ಬಿಸಿ ನೋಡುವರು, ನಾನು ಕುಡಿಸುವೆ. ಹತ್ತು ದಿನಕ್ಕೆಂದು ಬಂದವರು ಹದಿನೆಂಟು ದಿನ ಉಳಿದರು. ನೋಟ್‌ಬುಕ್ಕಿನಲ್ಲಿ ಈಗ ಮರಿಯ ತೂಕ ಬರೆಯುತ್ತಿದ್ದರು. ಪೂರ್ತಿ ಸ್ನೇಹವೇನೂ ಬೆಳೆಯಲಿಲ್ಲ. ನನ್ನ ಗಂಡನ ಹೆಸರು ಬರೆದ ಆ ಹಳೆಯ ಪುಟಗಳನ್ನು ಹರಿದು ಒಲೆಗೆ ಹಾಕಿ ಅಂದೆ. ಅವರು ಹಾಕಿದರು.

ಮರಿಯ ಎದೆ ತುಂಬಿದ ಮೇಲೆ ಮೇಡಂ ಬೇರೆ ಊರಿನ ಕಾವಲುಗಾರನನ್ನು ಕರೆತಂದು ಮರ ಹತ್ತಿಸಿದರು. ದೊಲ್ಫೋ ಕೆಳಗೆ ನಿಂತು, “ಎಡಗಡೆ ಮೂರನೇ ಗೂಟ ಸಡಿಲ ಇದೆ, ನೋಡ್ಕೋ,” ಅಂತ ಕೂಗಿದ. ಮರಿ ಪೊಟರೆ ಸೇರಿತು. ಎಲ್ಲರೂ ಬೆಂಚಿನ ಬಳಿ ಕಾದೆವು. ತಾಯಿ ಬಂತು, ಒಳಗೆ ಇಣುಕಿತು, ಬಹಳ ಹೊತ್ತು ಸುಮ್ಮನಿತ್ತು, ಕೊನೆಗೆ ತುತ್ತು ಕೊಟ್ಟಿತು. ಸರ್ ದುರ್ಬೀನು ಇಳಿಸಿ ಕನ್ನಡಕ ಒರೆಸಿಕೊಂಡರು. ಮಾರನೆಯ ದಿನ ಊರಿಗೆ ಹೋದರು.

ಮೇ ಕೊನೆಗೆ ದೊಡ್ಡದು ಹಾರಿತು. ಚಿಕ್ಕದು ಇನ್ನೂ ಎರಡು ವಾರ ಪೊಟರೆಯ ಬಾಯಲ್ಲೇ ಕೂತು ಸತಾಯಿಸಿತು. ಜೂನ್ ಮೊದಲ ಮಳೆಯಾದ ಮರುದಿನ ನೋಡಿದರೆ ಅದೂ ಇರಲಿಲ್ಲ. ಹಾರುವುದನ್ನು ಯಾರೂ ಕಾಣಲಿಲ್ಲ. ಸಿದ್ರಾಳ ಪ್ರಕಾರ ಅದನ್ನು ಉಡ ತಿಂದಿದೆ. ಮೂರನೆಯ ದಿನ ತೋಡಿನ ಆಚೆ ಮೂರು ಬಿಳಿ ಹಕ್ಕಿಗಳು ಕೂತಿದ್ದನ್ನು ದೊಲ್ಫೋ ನೋಡಿ ಬಂದ.

ಅವತ್ತು ಸಂಜೆ ಊಟಕ್ಕೆ ಕೂತಾಗ, ಬಹಳ ದಿನದಿಂದ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟೆ. “ಅವತ್ತು ನಾನು ನಿನ್ನನ್ನೇ ಅನುಮಾನಿಸಿದ್ದೆ. ಬಾಗಿಲು ನೂಕೋಕೆ ಮುಂಚೇನೇ.”

ದೊಲ್ಫೋ ಹೆಸರುಕಾಳಿನ ಸಾರಿನಿಂದ ನುಗ್ಗೆಸೊಪ್ಪಿನ ಒಂದು ಕಡ್ಡಿಯನ್ನು ಎತ್ತಿ ಪಕ್ಕಕ್ಕಿಟ್ಟ.

“ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಅನ್ಕೋತಿದ್ದೆ,” ಅಂದ. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಅನ್ನ ಹಾಕು ಅಂದ.